ಇಂಗ್ಲೆಂಡಿನ ಹಳ್ಳಿಗರು ಉಳಿಸಿಕೊಟ್ಟ ಕ್ರಿಸ್ತಜಯಂತಿಯ ಹಾಡುಗಳು

ಕ್ರಿಸ್ತಜಯಂತಿ ಸಮೀಪಿಸಿತೆಂದರೆ ನಮ್ಮ ದೇವಾಲಯಗಳ ಗಾನವೃಂದದವರು ಹಾಡಿನ ಪುಸ್ತಕಗಳ ಧೂಳು ಕೊಡಹುತ್ತಾರೆ. ತಾಯ್ನುಡಿಯ ಗೀತೆಗಳ ಜೊತೆಗೆ ನಾಲ್ಕಾರು ಇಂಗ್ಲಿಷ್ ಗೀತೆಗಳೂ ಆ ಪವಿತ್ರ ರಾತ್ರಿಯಲ್ಲಿ ಕೇಳಿಬರುವುದು ವಾಡಿಕೆ. ಅವು ಬಹು ಪುರಾತನವಾದವು, ಇಂಗ್ಲೆಂಡಿನ ಜನ ಅನಾದಿಯಿಂದ ಹಾಡಿಕೊಂಡು ಬಂದವು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಸ್ತುಸ್ಥಿತಿ ಬೇರೆ. ‘ಸೈಲೆಂಟ್ ನೈಟ್’ 1818ರಲ್ಲಿ ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಊರಿನ ದೇವಾಲಯದಲ್ಲಿ ಮೊದಲು ಹಾಡಲ್ಪಟ್ಟದ್ದು; ಮೂಲತಃ ಅದು ಇಂಗ್ಲಿಷ್ ಗೀತೆಯೇ ಅಲ್ಲ. ‘ಹಾರ್ಕ್ ದ ಹೆರಾಲ್ಡ್’ ಗೀತೆಯ ಮೂಲ ಪದಗಳನ್ನು ಚಾರ್ಲ್ಸ್ ವೆಸ್ಲಿಯವರು ಪ್ರಕಟಿಸಿದ್ದು 1739ರಲ್ಲಿ. ಅದರ ರಾಗವನ್ನು ಜರ್ಮನಿಯ ಮೆಂಡೆಲ್ಸನ್ನರು ರಚಿಸಿದ್ದು 1840ರಲ್ಲಿ, ಅದೂ ಮುದ್ರಣಕಲೆಯ ಉತ್ಸವವೊಂದಕ್ಕಾಗಿ. ‘ಜಿಂಗಲ್ ಬೆಲ್ಸ್’ 1857ರಲ್ಲಿ ಅಮೆರಿಕದಲ್ಲಿ ಅಚ್ಚಾದ ಜಾರುಬಂಡಿಯ ಹಾಡು. ಅದರಲ್ಲಿ ಬಾಲಯೇಸುವಿನ ಹೆಸರು ಹುಡುಕಿದರೂ ಸಿಗದು.

ಹಾಗಾದರೆ ಇಂಗ್ಲೆಂಡಿನ ರೈತರು, ಗಣಿಗಾರರು, ಕೂಲಿಗಳು ತಲೆಮಾರುಗಳಿಂದ ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದ ಹಾಡುಗಳು ಎಲ್ಲಿ? ಅವು ಇವೆ. ನಮ್ಮ ಕಿವಿಗೆ ಬಿದ್ದಿರುವುದು ಕಡಿಮೆ, ಅಷ್ಟೆ. ಅವುಗಳ ಚರಿತ್ರೆಯನ್ನು ಅರಸಿ ಹೊರಟರೆ ನಾವು ತಲುಪುವುದು ಕಥೋಲಿಕ ಧರ್ಮಸಭೆಯ ಅಂಗಳಕ್ಕೇ ಎಂಬುದು ಈ ಲೇಖನದ ಮುಖ್ಯ ವಿಚಾರ.

‘ಕ್ಯಾರಲ್’ ಎಂಬ ಪದಕ್ಕೆ ಆದಿಯಲ್ಲಿ ಭಕ್ತಿಗೀತೆ ಎಂಬ ಅರ್ಥವಿರಲಿಲ್ಲ. ಕೈಕೈ ಹಿಡಿದು ವೃತ್ತಾಕಾರವಾಗಿ ಕುಣಿಯುತ್ತ ಹಾಡುವ ಹಾಡಿಗೆ ಆ ಹೆಸರು. ಒಬ್ಬನು ನುಡಿ ಹಾಡಿದರೆ ಉಳಿದವರು ಪಲ್ಲವಿ ಎತ್ತಿಕೊಳ್ಳುತ್ತಿದ್ದರು. ಈ ಕುಣಿತದ ಹಾಡಿನ ರೂಪವನ್ನು ದೈವಭಕ್ತಿಗೆ ಬಳಸಿಕೊಂಡವರಲ್ಲಿ ಸಂತ ಫ್ರಾನ್ಸಿಸರ ಸಭೆಯ ಗುರುಗಳು ಅಗ್ರಗಣ್ಯರು. 1223ರಲ್ಲಿ ಗ್ರೆಚ್ಚೊ ಎಂಬಲ್ಲಿ ಗೋದಲಿಯನ್ನು ಏರ್ಪಡಿಸಿ ಬಡಜನರ ಕಣ್ಣಿಗೆ ಬೆತ್ಲೆಹೇಮನ್ನು ತೋರಿಸಿದ ಆ ಸಂತರ ಮಕ್ಕಳು, ಅದೇ ಬೆತ್ಲೆಹೇಮನ್ನು ಬಡಜನರ ಕಿವಿಗೂ ಮುಟ್ಟಿಸಿದರು ಎನ್ನಬಹುದು. ಕ್ಯಾಂಟರ್‌ಬರಿಯ ಫ್ರಾನ್ಸಿಸ್ಕನ್ ಸನ್ಯಾಸಿ ಜೇಮ್ಸ್ ರೈಮನ್ ಅವರ 1492ರ ಹಸ್ತಪ್ರತಿಯೊಂದರಲ್ಲೇ ನೂರಕ್ಕೂ ಮಿಕ್ಕಿದ ಹಾಡುಗಳಿವೆ. ಅವರಿಗಿಂತ ಹಿಂದೆ, 1426ರ ಸುಮಾರಿನಲ್ಲಿ, ಶ್ರಾಪ್‌ಶೈರಿನ ಹಾಮಂಡ್ ಮಠದಲ್ಲಿ ಜಾನ್ ಆಡ್ಲೇ ಎಂಬ ಗುರುಗಳಿದ್ದರು. ಕಿವಿ ಕೇಳದು, ಕಣ್ಣು ಕಾಣದು. ಆ ಸ್ಥಿತಿಯಲ್ಲಿಯೂ ಅವರು ಇಪ್ಪತ್ತೈದು ಕ್ಯಾರಲ್‌ಗಳನ್ನು ಬರೆಯಿಸಿಟ್ಟರು.

ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಅರಸರು ರೋಮಿನಿಂದ ಬೇರೆಯಾದರು. ಮಠಗಳು ಮುಚ್ಚಿದವು, ಯಾತ್ರಾಸ್ಥಳಗಳು ಪಾಳುಬಿದ್ದವು. ನೂರು ವರುಷಗಳ ತರುವಾಯ ಅಧಿಕಾರಕ್ಕೆ ಬಂದ ಪ್ಯೂರಿಟನ್ನರು ಇನ್ನೂ ಮುಂದೆ ಹೋಗಿ, 1647ರ ಜೂನ್ ತಿಂಗಳಲ್ಲಿ ಕ್ರಿಸ್ತಜಯಂತಿಯ ಹಬ್ಬವನ್ನೇ ಪಾರ್ಲಿಮೆಂಟಿನ ಆಜ್ಞೆಯಿಂದ ರದ್ದುಗೊಳಿಸಿದರು. ಡಿಸೆಂಬರ್ 25ರಂದು ಅಂಗಡಿಗಳು ಎಂದಿನಂತೆ ತೆರೆದಿರಬೇಕೆಂದು ಕಟ್ಟಪ್ಪಣೆ. ಕ್ಯಾಂಟರ್‌ಬರಿಯಲ್ಲಿ ಆ ವರುಷ ಜನರು ರೊಚ್ಚಿಗೆದ್ದು, ಅಪ್ಪಣೆಗೆ ತಲೆಬಾಗಿ ಬಾಗಿಲು ತೆರೆದಿದ್ದ ಅಂಗಡಿಗಳ ಸಾಮಾನನ್ನು ಬೀದಿಗೆಸೆದರು. 1660ರಲ್ಲಿ ಅರಸೊತ್ತಿಗೆ ಮರಳಿತು, ಹಬ್ಬವೂ ಮರಳಿತು. ಆದರೆ ಹಳೆಯ ಹಾಡುಗಳು ದೇವಾಲಯದೊಳಕ್ಕೆ ಮರಳಲಿಲ್ಲ. ಅವು ಅಡುಗೆಮನೆಗಳಲ್ಲಿ, ಹೊಲಗದ್ದೆಗಳಲ್ಲಿ, ಬೀದಿಯಲ್ಲಿ ಮಾರುವ ಒಂದೇ ಹಾಳೆಯ ಅಗ್ಗದ ಅಚ್ಚುಪ್ರತಿಗಳಲ್ಲಿ ಜೀವ ಹಿಡಿದುಕೊಂಡಿದ್ದವು.

1822ರಲ್ಲಿ ಕಾರ್ನ್‌ವಾಲಿನ ಡೇವಿಸ್ ಗಿಲ್ಬರ್ಟ್ ಎಂಬವರು ಇಂಗ್ಲೆಂಡಿನ ಪಶ್ಚಿಮ ಭಾಗದ ಕ್ಯಾರಲ್‌ಗಳ ಪುಟ್ಟ ಸಂಗ್ರಹವೊಂದನ್ನು ರಾಗಸಮೇತ ಅಚ್ಚು ಹಾಕಿಸಿದರು. ಮುಂದೆ ರಾಯಲ್ ಸೊಸೈಟಿಯ ಅಧ್ಯಕ್ಷಪದವಿಗೇರಿದ ವಿಜ್ಞಾನಪ್ರಿಯರು ಅವರು. ಹಿಂದೊಮ್ಮೆ ಹಾಡುತ್ತಿದ್ದ ಹಾಡುಗಳೆಂದೇ ಅವರು ಪುಸ್ತಕದ ಶೀರ್ಷಿಕೆಯಲ್ಲಿ ಸೂಚಿಸಿದರು. ಅಂದರೆ, ಸತ್ತವರ ಆಸ್ತಿಯ ಪಟ್ಟಿ ಬರೆಯುವ ಧೋರಣೆ. 1833ರಲ್ಲಿ ವಿಲಿಯಂ ಸ್ಯಾಂಡಿಸ್ ಎಂಬ ವಕೀಲರು ಇನ್ನೂ ದೊಡ್ಡ ಸಂಗ್ರಹವನ್ನು ಹೊರತಂದರು. ಕ್ರಿಸ್ತರು ತಮ್ಮ ಇಡೀ ಜೀವಿತವನ್ನು ಒಂದು ನರ್ತನವೆಂಬಂತೆ ತಾವೇ ಹೇಳಿಕೊಳ್ಳುವ ‘ಟುಮಾರೋ ಷಲ್ ಬಿ ಮೈ ಡ್ಯಾನ್ಸಿಂಗ್ ಡೇ’ ಎಂಬ ಅಪೂರ್ವ ಗೀತೆ ಅಚ್ಚಿನಲ್ಲಿ ನಮಗೆ ದೊರೆಯುವುದು ಆ ಪುಸ್ತಕದಿಂದಲೇ. ಕ್ಯಾರಲ್ ಎಂಬುದು ಮೂಲತಃ ಕುಣಿತವೆಂದು ಹೇಳಿದೆನಷ್ಟೆ. ಅದರ ಸ್ಮರಣೆ ಇಲ್ಲಿ ಉಳಿದುಬಂದಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವರು ಪುಸ್ತಕಗಳನ್ನು ಬದಿಗಿಟ್ಟು ಹಾಡುವವರ ಮನೆಬಾಗಿಲಿಗೇ ನಡೆದರು. ಸೆಸಿಲ್ ಶಾರ್ಪ್ 1903ರಿಂದ ಸಾಮರ್ಸೆಟ್ ಮುಂತಾದೆಡೆ ಸಂಚರಿಸಿ, 1911ರಲ್ಲಿ ಜನಪದ ಕ್ಯಾರಲ್‌ಗಳ ಸಂಗ್ರಹವನ್ನು ಪ್ರಕಟಿಸಿದರು. ಹೆರೆಫರ್ಡ್‌ಶೈರಿನಲ್ಲಿ ಎಲ್ಲಾ ಮೇರಿ ಲೆದರ್ ಎಂಬ ಗೃಹಿಣಿ, ಬಿಯರಿಗೆ ಕಹಿ ಕೊಡುವ ಹಾಪ್ ಹೂವನ್ನು ಬಿಡಿಸಲು ಬರುತ್ತಿದ್ದ ಜಿಪ್ಸಿಗಳಿಂದಲೂ ಬಡ ಕೂಲಿಗಳಿಂದಲೂ ಹಾಡು ಕೇಳಿ, ಮೇಣದ ಉರುಳೆಯ ಫೋನೋಗ್ರಾಫಿನಲ್ಲಿ ಹಿಡಿದಿಟ್ಟರು. ಅವರೊಡನೆ ತೋಟಗಳಲ್ಲಿ ಅಲೆದವರು ಹೆಸರಾಂತ ಸಂಗೀತ ರಚನಕಾರ ರಾಲ್ಫ್ ವಾನ್ ವಿಲಿಯಮ್ಸ್. 1912ರ ಸೆಪ್ಟೆಂಬರಿನಲ್ಲಿ ಹೆರೆಫರ್ಡ್ ಮಹಾದೇವಾಲಯದಲ್ಲಿ ಅವರ ಕ್ಯಾರಲ್ ಸಂಗೀತಕೃತಿ ಮೊದಲ ಬಾರಿಗೆ ಕೇಳಿಬಂದಾಗ, ಅದರ ಆರಂಭವೇ ಆ ಜಿಲ್ಲೆಯ ಹಳ್ಳಿಯೊಂದರ ಹಾಡು. ಈ ವಾನ್ ವಿಲಿಯಮ್ಸರು ವೈಯಕ್ತಿಕವಾಗಿ ದೃಢವಿಶ್ವಾಸಿಗಳಲ್ಲ, ಸಂದೇಹವಾದಿಗಳು. ದೇವರು ಯಾರ ಕೈಯಿಂದ ಯಾವ ಕೆಲಸ ಮಾಡಿಸುವನೋ ಹೇಳಬಲ್ಲವರಾರು!

ಅವರು ಸಂಗ್ರಹಿಸಿದ ಒಂದು ಹಾಡಿನ ವೃತ್ತಾಂತವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. 1904ರಲ್ಲಿ ಸಸೆಕ್ಸಿನ ಹಾರ್ಷಮ್ ಬಳಿಯ ಮಂಕ್ಸ್ ಗೇಟ್ ಎಂಬ ಕುಗ್ರಾಮದಲ್ಲಿ ಹ್ಯಾರಿಯೆಟ್ ವೆರಾಲ್ ಎಂಬ ಹೆಂಗಸು ಅವರಿಗೆ ಒಂದು ಕ್ರಿಸ್ತಜಯಂತಿಯ ಹಾಡನ್ನು ಹಾಡಿ ತೋರಿಸಿದಳು. ಇಂದು ‘ಸಸೆಕ್ಸ್ ಕ್ಯಾರಲ್’ ಎಂದು ಪ್ರಸಿದ್ಧವಾಗಿರುವುದು ಅದೇ. ಅದರ ಪದಗಳ ಜಾಡು ಹಿಡಿದು ಹೋದರೆ ಸಿಗುವುದು 1684ರಲ್ಲಿ ಫ್ಲಾಂಡರ್ಸಿನ ಘೆಂಟ್ ನಗರದಲ್ಲಿ ಅಚ್ಚಾದ ಒಂದು ಕಿರುಪುಸ್ತಕ. ಅದನ್ನು ಹೊರತಂದವರು ಐರ್ಲೆಂಡಿನ ಫರ್ನ್ಸ್ ಧರ್ಮಕ್ಷೇತ್ರದ ಕಥೋಲಿಕ ಧರ್ಮಾಧ್ಯಕ್ಷ ಲ್ಯೂಕ್ ವಾಡಿಂಗ್. ಕಥೋಲಿಕರಿಗೆ ದೇವಾಲಯವೂ ಭೂಮಿಯೂ ಕೈತಪ್ಪಿದ್ದ ಸಂಕಟದ ಕಾಲ ಅದು. ಜನರು ಮನೆಯೊಳಗಾದರೂ ಹಬ್ಬದ ಸಂತೋಷವನ್ನು ಹಾಡಿಕೊಳ್ಳಲಿ ಎಂದು ಆ ಧರ್ಮಾಧ್ಯಕ್ಷರು ಜೋಡಿಸಿದ ಪದಗಳು, ಇನ್ನೂರಿಪ್ಪತ್ತು ವರುಷಗಳ ಮೇಲೆ, ಕಡಲಾಚೆಯ ಪ್ರೊಟೆಸ್ಟಂಟ್ ನಾಡಿನ ಹಳ್ಳಿಯೊಂದರಲ್ಲಿ ಬಡ ಹೆಂಗಸಿನ ಕೊರಳಲ್ಲಿ ಜೀವಂತವಾಗಿದ್ದವು. ಐರ್ಲೆಂಡಿನ ವೆಕ್ಸ್‌ಫರ್ಡ್ ಸೀಮೆಯ ಕಿಲ್ಮೋರ್ ಎಂಬ ಊರಿನಲ್ಲಿ ವಾಡಿಂಗರ ಕೆಲವು ಗೀತೆಗಳನ್ನೂ, 1728ರಲ್ಲಿ ವಂದನೀಯ ವಿಲಿಯಂ ಡೆವರೋ ಅವರು ಕೂಡಿಸಿದ ಗೀತೆಗಳನ್ನೂ ಆರು ಮಂದಿ ಗಂಡಸರು ಮೂವರು ಮೂವರಾಗಿ ಎರಡು ಗುಂಪು ಮಾಡಿಕೊಂಡು ದೇವಾಲಯದಲ್ಲಿ ಹಾಡುವ ಸಂಪ್ರದಾಯ ಇಂದಿಗೂ ಬಂದಿದೆ.

ಹಳ್ಳಿಗರು ಉಳಿಸಿಕೊಂಡದ್ದು ರಾಗಗಳನ್ನು ಮಾತ್ರವಲ್ಲ. ‘ದ ಸೆವೆನ್ ಜಾಯ್ಸ್ ಆಫ್ ಮೇರಿ’ ಎಂಬ ಹಾಡು ಮಾತೆ ಮರಿಯಮ್ಮನವರ ಏಳು ಸಂತೋಷಗಳನ್ನು ಎಣಿಸುತ್ತದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಈ ಸಂತೋಷಗಳು ಐದೆಂದು ಎಣಿಕೆಯಿತ್ತು. ಜಪಮಾಲೆಯನ್ನು ನಿಷೇಧಿಸಿದ ನಾಡಿನಲ್ಲಿ, ಅದರ ರಹಸ್ಯಗಳನ್ನು ಹೋಲುವ ಒಂದು ಎಣಿಕೆ ಮಕ್ಕಳ ಬಾಯಲ್ಲಿ ಮುಂದುವರಿಯಿತೆಂಬುದು ಆಶ್ಚರ್ಯವಲ್ಲವೇ? ಈ ಹಾಡು ಮಗನು ಶಿಲುಬೆಯಲ್ಲಿರುವುದನ್ನೂ ತಾಯಿಯ ಸಂತೋಷಗಳ ಸಾಲಿಗೆ ಸೇರಿಸುತ್ತದೆ. ಮೊದಲ ಬಾರಿಗೆ ಕೇಳುವವರಿಗೆ ಇದು ತಪ್ಪೆನಿಸಬಹುದು. ನನಗೆ ಹಾಗನ್ನಿಸುವುದಿಲ್ಲ, ಲೋಕದ ರಕ್ಷಣೆಯನ್ನು ಕಂಡ ತಾಯಿಯ ಮಾತು ಅದು.

‘ದ ಚೆರಿ ಟ್ರೀ ಕ್ಯಾರಲ್’ ಇನ್ನೂ ಸ್ವಾರಸ್ಯವಾದದ್ದು. ಗರ್ಭಿಣಿ ಮರಿಯಮ್ಮನವರು ಚೆರಿಹಣ್ಣು ಬಯಸಿ ಕೇಳುತ್ತಾರೆ, ಮನಸ್ಸಿನಲ್ಲಿ ಸಂಶಯ ಹೊತ್ತ ವೃದ್ಧ ಜೋಸೆಫರು ಒರಟಾಗಿ ಉತ್ತರಿಸುತ್ತಾರೆ, ಗರ್ಭದೊಳಗಿನ ಶಿಶು ಆಜ್ಞಾಪಿಸಲು ಮರವೇ ಬಾಗಿ ತಾಯಿಗೆ ಹಣ್ಣು ನೀಡುತ್ತದೆ, ಜೋಸೆಫರು ಪಶ್ಚಾತ್ತಾಪಪಡುತ್ತಾರೆ. ಇದು ಶುಭಸಂದೇಶದಲ್ಲಿಲ್ಲ. ಮತ್ತಾಯರ ಹೆಸರಿನಲ್ಲಿ ಪ್ರಚಾರದಲ್ಲಿದ್ದ, ಧರ್ಮಸಭೆ ಅಂಗೀಕರಿಸದ ಪ್ರಾಚೀನ ಗ್ರಂಥವೊಂದರಲ್ಲಿ, ಈಜಿಪ್ಟಿಗೆ ಪಲಾಯನ ಮಾಡುವ ದಾರಿಯಲ್ಲಿ ಖರ್ಜೂರದ ಮರ ಬಾಗಿದ ಕಥೆಯಿದೆ. ಇಂಗ್ಲೆಂಡಿನ ರೈತನು ಖರ್ಜೂರದ ಮರವನ್ನು ಕಂಡವನಲ್ಲ. ತನ್ನ ಹಿತ್ತಿಲಿನ ಚೆರಿ ಮರವನ್ನೇ ಬಾಗಿಸಿದ.

‘ದ ಬಿಟರ್ ವಿದಿ’ ಎಂಬುದು 1905ರಲ್ಲಿ ಫ್ರಾಂಕ್ ಸಿಜ್‌ವಿಕ್ ಎಂಬವರು ಹೆರೆಫರ್ಡ್‌ಶೈರಿನ ವೃದ್ಧರೊಬ್ಬರ ನೆನಪಿನಿಂದ ಬಂದುದನ್ನು ಪ್ರಕಟಿಸುವ ತನಕ ವಿದ್ವಾಂಸರಿಗೇ ತಿಳಿದಿರಲಿಲ್ಲ. ಬಾಲಯೇಸು ಚೆಂಡಾಡಲು ಹೋದಾಗ ಸಿರಿವಂತರ ಮಕ್ಕಳು ದನದ ಕೊಟ್ಟಿಗೆಯಲ್ಲಿ ಹುಟ್ಟಿದವನೆಂದು ಜರೆದು ದೂರವಿಡುತ್ತಾರೆ. ಬಾಲಕನು ಸೂರ್ಯಕಿರಣಗಳಿಂದ ಸೇತುವೆ ಕಟ್ಟಿ ದಾಟುತ್ತಾನೆ. ಹಿಂಬಾಲಿಸಿದ ಹುಡುಗರು ನೀರುಪಾಲಾಗುತ್ತಾರೆ. ತಾಯಿ ವಿದಿಯೆಂಬ ಗಿಡದ ಬರಲಿನಿಂದ ಮಗನನ್ನು ಹೊಡೆಯುತ್ತಾಳೆ. ಅದು ಒಳಗಿನಿಂದಲೇ ಟೊಳ್ಳಾಗಿ ಸಾಯಲೆಂದು ಮಗನು ಶಪಿಸುತ್ತಾನೆ. ಇದನ್ನು ದೇವಾಲಯದಲ್ಲಿ ಹಾಡಬಾರದು, ಹಾಡಲೂ ಯಾರೂ ಕೇಳುವುದಿಲ್ಲ. ಆದರೂ ಧನಿಕರ ಗೇಟಿನ ಹೊರಗೆ ನಿಂತು ಅವಮಾನ ಉಂಡ ಬಡವರು ತಮ್ಮ ನೋವನ್ನು ಯಾರ ಎದೆಯಲ್ಲಿ ಇಟ್ಟರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೊಂದು ಹಾಡು. ಲಂಡನ್ನಿನಲ್ಲಿ ರಿಚರ್ಡ್ ಹಿಲ್ ಎಂಬ ದಿನಸಿ ವ್ಯಾಪಾರಿಯಿದ್ದ. ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿ ಆತ ಬರೆದಿಟ್ಟುಕೊಂಡ ಪುಸ್ತಕ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿದೆ. ಮಕ್ಕಳ ಜನ್ಮದಿನ, ಔಷಧಿ, ಒಗಟು ಇತ್ಯಾದಿಗಳ ನಡುವೆ ಅದರಲ್ಲಿ ‘ಕಾರ್ಪುಸ್ ಕ್ರಿಸ್ತಿ’ ಎಂಬ ವಿಚಿತ್ರ ಹಾಡೊಂದಿದೆ: ಒಂದು ತೋಟ, ತೋಟದಲ್ಲಿ ಮಂದಿರ, ಮಂಚದ ಮೇಲೆ ಹಗಲಿರುಳು ನೆತ್ತರು ಸುರಿಸುವ ವೀರ, ಪಕ್ಕದಲ್ಲಿ ಅಳುವ ಕನ್ಯೆ, ಕಲ್ಲಿನ ಮೇಲೆ ‘ಕ್ರಿಸ್ತರ ಶರೀರ’ ಎಂಬ ಬರಹ. ಪರಮಪ್ರಸಾದದ ರಹಸ್ಯವನ್ನು ಬಲ್ಲವರಿಗೆ ಇದರ ಒಳಾರ್ಥವನ್ನು ವಿವರಿಸಬೇಕಿಲ್ಲ. 1908ರಲ್ಲಿ ಡಾರ್ಬಿಶೈರಿನ ಕಾಸಲ್ಟನ್ ಎಂಬ ಹಳ್ಳಿಯಲ್ಲಿ ವಾನ್ ವಿಲಿಯಮ್ಸರಿಗೆ ಇದೇ ಹಾಡಿನ ಜನಪದ ರೂಪ ದೊರೆಯಿತು. ಕಲ್ಲಿನ ಮೇಲಿನ ಲ್ಯಾಟಿನ್ ಬರಹ ಅಳಿಸಿಹೋಗಿತ್ತು. ಆದರೆ ಮಂಚದ ಕೆಳಗೆ ಅರ್ಧ ನೀರು ಅರ್ಧ ರಕ್ತವಾಗಿ ಹರಿಯುವ ಹೊಳೆಯೊಂದು ಬಂದು ಸೇರಿತ್ತು! ಸಂತ ಯೊವಾನ್ನರ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯವನ್ನು ಓದಿದವರು, ಇರಿದ ಪಕ್ಕೆಯಿಂದ ಹರಿದದ್ದೇನೆಂಬುದನ್ನು ಬಲ್ಲರು.

ಹಾಡುಗಳೆಲ್ಲ ಹೀಗೆ ಪಾರಾಗಲಿಲ್ಲ. ಬೇಯಿಸಿದ ಹುಂಜ ತಟ್ಟೆಯಿಂದೆದ್ದು ಹೆರೋದನ ಮುಂದೆ ಕ್ರಿಸ್ತಜನನವನ್ನು ಸಾರುವ, ಹದಿನೈದನೆಯ ಶತಮಾನದ ಸಂತ ಸ್ತೆಫಾನರ ಹಾಡಿನ ಪದಗಳು ಹಸ್ತಪ್ರತಿಯಲ್ಲಿ ಉಳಿದಿವೆ, ರಾಗ ಅದರಲ್ಲಿಲ್ಲ. ಕಾವೆಂಟ್ರಿಯ ಕಥೆ ಇನ್ನೂ ದಾರುಣ. ಅಲ್ಲಿನ ದರ್ಜಿಗಳ ಮತ್ತು ಉಣ್ಣೆಗಾರರ ಸಂಘದವರು ಆಡುತ್ತಿದ್ದ ಧಾರ್ಮಿಕ ನಾಟಕದಲ್ಲಿ, ಹೆರೋದನ ಸೈನಿಕರು ಬರುವ ಮುನ್ನ ತಾಯಂದಿರು ತಮ್ಮ ಕೂಸುಗಳಿಗೆ ಹಾಡುವ ಜೋಗುಳವೊಂದಿದೆ. 1579ರ ಬಳಿಕ ಈ ನಾಟಕಗಳು ನಿಂತುಹೋದವು. ಏಕೈಕ ಹಸ್ತಪ್ರತಿ 1879ರಲ್ಲಿ ಬರ್ಮಿಂಗ್‌ಹ್ಯಾಮಿನ ಗ್ರಂಥಾಲಯಕ್ಕೆ ಬೆಂಕಿ ಬಿದ್ದಾಗ ಸುಟ್ಟು ಬೂದಿಯಾಯಿತು. ಅದಕ್ಕೆ ಮೊದಲೇ ಥಾಮಸ್ ಶಾರ್ಪ್ ಎಂಬ ಊರಿನ ಇತಿಹಾಸಪ್ರಿಯರು ಅದನ್ನು ನಕಲು ಮಾಡಿ ಮುದ್ರಿಸಿದ್ದರಿಂದ ಜೋಗುಳ ನಮಗೆ ದಕ್ಕಿತು. 1940ರ ನವೆಂಬರ್ 14ರ ಬಾಂಬ್ ದಾಳಿಯಲ್ಲಿ ಕಾವೆಂಟ್ರಿಯ ಮಹಾದೇವಾಲಯ ಹಾಳಾದಾಗ, ಆ ವರುಷದ ಕ್ರಿಸ್ತಜಯಂತಿಯಂದು ಅವಶೇಷಗಳ ನಡುವಿನಿಂದ ಬಿತ್ತರವಾದ ರೇಡಿಯೋ ಕಾರ್ಯಕ್ರಮದಲ್ಲಿ ಹಾಡಿದ್ದು ಆ ಜೋಗುಳವನ್ನೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಹಳ್ಳಿಯ ದೇವಾಲಯಗಳಿಗೆ ಆರ್ಗನ್ ಬಂದು, ಪಿಟೀಲು, ಕೊಳಲುಗಳ ಊರ ವಾದ್ಯಮೇಳವನ್ನು ಹೊರಗೆ ಕಳುಹಿತು. ಥಾಮಸ್ ಹಾರ್ಡಿಯವರ 1872ರ ಕಾದಂಬರಿಯೊಂದರ ವಸ್ತುವೇ ಇದು. ಹೊರಬಿದ್ದ ಹಾಡುಗಾರರು ಕೆಲವೆಡೆ ಪಾನಗೃಹಗಳನ್ನು ಸೇರಿದರು. ಷೆಫೀಲ್ಡ್ ನಗರದ ಹೊರವಲಯದ ಡಂಗ್‌ವರ್ತ್, ವೊರಾಲ್ ಮುಂತಾದ ಹಳ್ಳಿಗಳಲ್ಲಿ ನವೆಂಬರ್ ಮಧ್ಯದಿಂದ ಹಬ್ಬದ ಮರುದಿನದವರೆಗೆ ಜನರು ಪಾನಗೃಹದಲ್ಲಿ ನೆರೆದು ತಮ್ಮೂರಿನ ಕ್ಯಾರಲ್‌ಗಳನ್ನು ಹಾಡುತ್ತಾರೆ. ‘ವೈಲ್ ಷೆಫರ್ಡ್ಸ್ ವಾಚ್ಡ್’ ಒಂದಕ್ಕೇ ಹಲವಾರು ರಾಗಗಳು ಅಲ್ಲುಂಟು. ಕಾರ್ನ್‌ವಾಲಿನ ಗಣಿಗಾರರಂತೂ ತಮ್ಮ ಹಾಡುಗಳನ್ನು ಹೊತ್ತು ಕ್ಯಾಲಿಫೋರ್ನಿಯದ ಗ್ರಾಸ್ ವ್ಯಾಲಿಯವರೆಗೆ ಹೋದರು. 1880ರ ದಶಕದಿಂದ ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಬಂದಿಳಿದವರಲ್ಲಿಯೂ ಕಾರ್ನ್‌ವಾಲಿನ ಮಂದಿ ಇದ್ದರು.

ಈ ಹಾಡುಗಳನ್ನು ಹುಡುಕಬಯಸುವ ಗಾನವೃಂದದವರಿಗೆ 1928ರ ‘ಆಕ್ಸ್‌ಫರ್ಡ್ ಬುಕ್ ಆಫ್ ಕ್ಯಾರಲ್ಸ್’ ಮತ್ತು 1992ರ ‘ನ್ಯೂ ಆಕ್ಸ್‌ಫರ್ಡ್ ಬುಕ್ ಆಫ್ ಕ್ಯಾರಲ್ಸ್’ ಎಂಬೆರಡು ಗ್ರಂಥಗಳು ಸಾಕು. ಎರಡನೆಯದರಲ್ಲಿ ಪ್ರತಿಯೊಂದು ಹಾಡಿನ ಪೂರ್ವೋತ್ತರವೂ ಇದೆ. ಕಲಿಯಲು ಸುಲಭವಾದದ್ದು ಸಸೆಕ್ಸ್ ಕ್ಯಾರಲ್. ಧರ್ಮಾಧ್ಯಕ್ಷರೊಬ್ಬರ ಪುಸ್ತಕದಿಂದ ಬಂದ ಅದನ್ನು ನಡುರಾತ್ರಿಯ ಬಲಿಪೂಜೆಯಲ್ಲಿ ಯಾವ ಸಂಕೋಚವೂ ಇಲ್ಲದೆ ಹಾಡಬಹುದು. ಏಳು ಸಂತೋಷಗಳ ಹಾಡು ಮಕ್ಕಳಿಗೆ ಒಪ್ಪುತ್ತದೆ. ಕಾವೆಂಟ್ರಿಯ ಜೋಗುಳವನ್ನು ಮಾತ್ರ ಆ ರಾತ್ರಿ ಹಾಡದೆ, ಹೆರೋದನ ಕತ್ತಿಗೆ ಬಲಿಯಾದ ಹಸುಳೆಗಳ ಹಬ್ಬವಾದ ಡಿಸೆಂಬರ್ 28ಕ್ಕೆ ಮೀಸಲಿಡುವುದು ಲೇಸು.