ಖಡಕಿಯ ಮದ್ದು, ಮಲೆನಾಡಿನ ಕೋವಿ

ಪುಣೆಯಿಂದ ಲೋನಾವಳಕ್ಕೆ ಹೋಗುವ ಲೋಕಲ್ ರೈಲು ಶಿವಾಜಿನಗರ ಬಿಟ್ಟರೆ ಮುಂದಿನ ನಿಲ್ದಾಣ ಖಡಕಿ. ಅಲ್ಲಿ ಮುಳಾ ನದಿಯ ಮಗ್ಗುಲಿಗೆ 1869ರಲ್ಲಿ ಕಟ್ಟಿದ ತೋಟೆಯ ಕಾರ್ಖಾನೆಯಿದೆ. ನಮ್ಮ ಮಲೆನಾಡಿನ ಬಹುತೇಕ ಕೋವಿಮನೆಗಳವರು ಆ ಊರನ್ನು ಕಂಡಿಲ್ಲ, ಆದರೆ ಅದರ ಸರಕು ಅವರ ಅಂಗೈ ಮೇಲೆ ಹಾದುಹೋಗಿದೆ. ‘ಶಕ್ತಿಮಾನ್ ಎಕ್ಸ್‌ಪ್ರೆಸ್’ ಎಂಬ ಹನ್ನೆರಡು ಬೋರಿನ ತೋಟೆ ಅಲ್ಲಿಯದೇ. .315 ರೈಫಲಿನ ತೋಟೆಯ ಹಿತ್ತಾಳೆ ತಳ ತಿರುಗಿಸಿ ನೋಡಿದರೆ ‘ಕೆಎಫ್’ ಎಂದು ಒತ್ತಿರುತ್ತದೆ. ಅದು ಕಿರ್ಕಿ ಫ್ಯಾಕ್ಟರಿಯ ಗುರುತು. ಖಡಕಿಯನ್ನು ಇಂಗ್ಲಿಷರು ಕಿರ್ಕಿ ಎನ್ನುತ್ತಿದ್ದರು.

ನಾನು ಕೊಪ್ಪದ ಕಡೆಯವನು. ಕಾಲೇಜು ಓದಲು ಪುಣೆಗೆ ಬಂದು, ರೇಂಜ್ ಹಿಲ್ಸ್‌ನ ಕ್ವಾರ್ಟರ್ಸಿನಲ್ಲಿದ್ದ ಚಿಕ್ಕಪ್ಪನ ಮನೆಯಲ್ಲಿ ಉಳಿದೆ. ಆಮೇಲೆ ಇಲ್ಲೇ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದೆ. ಚಿಕ್ಕಪ್ಪ ಬೆಳಿಗ್ಗೆ ಆ ಕಾರ್ಖಾನೆಯ ಭೋಂಗಾ (ಸೈರನ್) ಕೂಗುವ ಮೊದಲೇ ಕೆಲಸಕ್ಕೆ ಹೊರಡುತ್ತಿದ್ದರು. ಬೆಂಕಿಪೊಟ್ಟಣ, ಬೀಡಿ ಗೇಟಿನ ಒಳಗೆ ಹೋಗುವಂತಿರಲಿಲ್ಲ. ಮದ್ದಿನ ಕೋಣೆಗೆ ಮೊಳೆ ಹೊಡೆದ ಚಪ್ಪಲಿ ಕೂಡದು. ಊರಲ್ಲಿ ಅಜ್ಜ ಕೇಪಿನ ಕೋವಿಗೆ ಈಡು ತುಂಬುವುದನ್ನು ನೋಡಿ ಬೆಳೆದ ನನಗೆ ಇದೆಲ್ಲ ಅತಿಯೆನಿಸುತ್ತಿತ್ತು. ಅಜ್ಜನ ಲೆಕ್ಕ ಸರಳ: ನಳಿಗೆಗೆ ಮದ್ದು ಸುರಿ, ತೆಂಗಿನ ನಾರು ತುರುಕಿ ಗಜದಿಂದ ಜಡಿ, ಚರೆ ಹಾಕು, ಮತ್ತೆ ನಾರು. ಗಜ ಬಾಯಿಯಿಂದ ಎಷ್ಟು ಬೆರಳು ಮೇಲೆ ನಿಂತಿತು ಎಂಬುದೇ ಅಳತೆ. ಇದನ್ನು ಹೇಳಿದಾಗ ಚಿಕ್ಕಪ್ಪ, “ಕಣ್ಣಳತೆ ಅಕ್ಕಿಗೆ ಸಾಕು ಮಾರಾಯ, ಮದ್ದಿಗೆ ಸಾಲದು” ಎಂದಿದ್ದರು.

ಅಜ್ಜನ ಅಳತೆ ಅಜ್ಜನ ಮದ್ದಿಗೆ ಸರಿಯೇ ಇತ್ತು. ಅದು ಕರಿಮದ್ದು: ಪೆಟ್ಲುಪ್ಪು, ಗಂಧಕ, ಇದ್ದಿಲು. ಹೆಚ್ಚುಕಡಿಮೆಯನ್ನು ಅದು ಸ್ವಲ್ಪ ಮಟ್ಟಿಗೆ ಸಹಿಸುತ್ತದೆ. ಖಡಕಿ ಶುರುವಾದಾಗ ಅಲ್ಲಿಯೂ ಕರಿಮದ್ದಿನದೇ ಕಾಲ. ಆ ಕಾಲವನ್ನು ನಾವು ಕನ್ನಡಿಗರು ಇನ್ನೊಂದು ಕಡೆಯಿಂದ ಬಲ್ಲೆವು. 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯ ಇಂಗ್ಲಿಷರ ಎದುರು ಸೋತದ್ದು ಇದೇ ಖಡಕಿಯ ಬಯಲಿನಲ್ಲಿ. ನಲವತ್ತು ವರ್ಷದ ಮೇಲೆ, 1857ರಲ್ಲಿ, ಇಂಗ್ಲಿಷರು ಆಯುಧ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ, ಊರೇ ಸುಟ್ಟುಹೋಯಿತು. ಅದಾಗಿ ಹನ್ನೆರಡು ವರ್ಷಕ್ಕೆ ಸರಕಾರ ತನ್ನ ತೋಟೆ ತಯಾರಿಸಲು ಇಲ್ಲಿ ಗೋಡೆ ಎಬ್ಬಿಸಿತು. ಜನರ ಕೋವಿ ಕಸಿದುಕೊಂಡ ಕೈಯೇ ತನ್ನ ಕೋವಿಗೆ ಮದ್ದು ತುಂಬತೊಡಗಿತು. ಖಡಕಿಯ ಚರಿತ್ರೆ ಬರೆಯುವವರು ಹಲಗಲಿಯನ್ನು ಬಿಟ್ಟು ಬರೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಂದೆ ಮದ್ದೇ ಬದಲಾಯಿತು. 1888ರಲ್ಲಿ ಬ್ರಿಟಿಷ್ ಸೇನೆಗೆ .303 ರೈಫಲು ಬಂದಾಗ ಅದರ ತೋಟೆಯೊಳಗೆ ಸುಮಾರು 70 ಗ್ರೇನ್ ಕರಿಮದ್ದು. ಮರುವರ್ಷವೇ ಫ್ರೆಡರಿಕ್ ಏಬೆಲ್ ಮತ್ತು ಜೇಮ್ಸ್ ಡ್ಯೂವರ್ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ರೂಪಿಸಿದರು. ಶ್ಯಾವಿಗೆಯಂತೆ ಎಳೆ ಎಳೆಯಾಗಿರುವ ವಸ್ತು. ಕೆಲವೇ ವರ್ಷಗಳಲ್ಲಿ ಅದೇ ತೋಟೆಗೆ ಇದು ತುಂಬಿತು, ಆದರೆ ಸುಮಾರು 30 ಗ್ರೇನ್ ಮಾತ್ರ. ಆಗಿನ ತೊಲಕ್ಕೆ 180 ಗ್ರೇನ್. ಅಂದರೆ ತೊಲದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬೇಕಿದ್ದಲ್ಲಿ ಆರನೆಯ ಒಂದು ಪಾಲು ಸಾಕಾಯಿತು, ಮೇಲಾಗಿ ಗುಂಡು ಇನ್ನೂ ಜೋರಾಗಿ ಓಡಿತು. ಹೊಸ ಮದ್ದನ್ನು ಹಳೆಯ ಅಳತೆಯಲ್ಲಿ ತುಂಬಿದರೆ ಏನಾದೀತು ಎಂಬುದಕ್ಕೆ ಬೇರೆ ವಿವರಣೆ ಬೇಡ.

ನಮ್ಮೂರಲ್ಲಿ ಅದು ಆಗಿಯೂ ಹೋಯಿತು. ಯಾರಿಂದಲೋ ಸಿಕ್ಕ ಮಿಲಿಟರಿ ತೋಟೆಗಳನ್ನು ಒಬ್ಬರು ಒಡೆದು, ಒಳಗಿನ ಮದ್ದನ್ನು ಕೇಪಿನ ಕೋವಿಗೆ ಬೆರಳಿನ ಲೆಕ್ಕದಲ್ಲೇ ತುಂಬಿದರು. ಹಂದಿಗೆ ಹೊಡೆದ ಮೊದಲ ಈಡಿಗೇ ನಳಿಗೆಯ ಬುಡ ಸೀಳಿತು. ಎಡಗೈಯ ಎರಡು ಬೆರಳು ಹೋದವು. ಆ ಸೀಳಿದ ನಳಿಗೆಯನ್ನು ನಾನು ಮುಟ್ಟಿ ನೋಡಿದ್ದೇನೆ: ಕಬ್ಬಿಣ ಹೊರಕ್ಕೆ ಮಡಚಿಕೊಂಡು ಅಂಚು ಕತ್ತಿಯಷ್ಟು ಹರಿತವಾಗಿತ್ತು. ನನ್ನ ಓದು ಈ ಕಡೆಗೆ ತಿರುಗಿದ್ದು ಅಂದಿನಿಂದ.

ಹಾಗಾದರೆ ಕಾರ್ಖಾನೆಯವರು ಗುರುತಿಲ್ಲದ ಮದ್ದನ್ನು ಹೇಗೆ ಅರಿಯುತ್ತಿದ್ದರು? ಬಣ್ಣ, ಕಾಳಿನ ಗಾತ್ರ ನೋಡಿ ಯಾರೂ ಹೇಳಲಾರರು. ಒಂದೇ ಹೆಸರಿನ ಮದ್ದೂ ಒಂದು ಲಾಟಿನಿಂದ ಇನ್ನೊಂದು ಲಾಟಿಗೆ ಬೇರೆಯಾಗಿ ಉರಿಯುತ್ತದೆ. 1910ರ ಏಳನೆಯ ಮಾರ್ಕಿನ .303 ತೋಟೆಯಲ್ಲಿ 174 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 2440 ಅಡಿ ಓಡಬೇಕು. ಸ್ಥಿರವಾದದ್ದು ಈ ವೇಗ ಮತ್ತು ನಳಿಗೆ ತಾಳುವ ಒತ್ತಡದ ಮಿತಿ. ಮದ್ದಿನ ತೂಕವನ್ನು, ಹೊಡೆದು ನೋಡಿ, ಆಯಾ ಲಾಟಿಗೆ ತಕ್ಕಂತೆ ಹೊಂದಿಸುತ್ತಾರೆ. ಈ ಪರೀಕ್ಷೆಗೆ ಪ್ರೂಫ್ ಎನ್ನುತ್ತಾರೆ.

ವೇಗ ಅಳೆಯಲು ಬೆಲ್ಜಿಯಂನ ಲೆ ಬೂಲಾಂಜೆ 19ನೆಯ ಶತಮಾನದಲ್ಲಿ ಕಂಡುಹಿಡಿದ ಯಂತ್ರ ನನಗೆ ಈಗಲೂ ಬೆರಗು. ಗುಂಡು ಮೊದಲ ತಂತಿಯ ಪರದೆ ಕಡಿದೊಡನೆ ವಿದ್ಯುದಯಸ್ಕಾಂತ ಸಡಿಲಿ ಉದ್ದನೆಯ ಸಲಾಕೆಯೊಂದು ಬೀಳತೊಡಗುತ್ತದೆ. ಎರಡನೆಯ ಪರದೆ ಕಡಿದಾಗ ಒಂದು ತೂಕ ಬಿದ್ದು ಚಾಕು ಚಿಮ್ಮಿ, ಬೀಳುತ್ತಿರುವ ಆ ಸಲಾಕೆಗೆ ಗೀರು ಹಾಕುತ್ತದೆ. ಗೀರು ಎಷ್ಟು ಎತ್ತರದಲ್ಲಿದೆ ಎಂಬುದರಿಂದ ಕಾಲ, ಕಾಲದಿಂದ ವೇಗ. ಒತ್ತಡಕ್ಕೆ ತಾಮ್ರದ ಪುಟ್ಟ ಉರುಳೆ. ಪರೀಕ್ಷೆಯ ನಳಿಗೆಗೆ ತೂತು ಕೊರೆದು, ಒಂದು ಕೊಂತದ ಮೇಲೆ ಅದನ್ನು ಕೂರಿಸುತ್ತಾರೆ. ಹೊಡೆದ ಮೇಲೆ ಉರುಳೆ ಎಷ್ಟು ಜಜ್ಜಿತು ಎಂದು ಅಳೆದರೆ ಮದ್ದಿನ ಬಲ ತಿಳಿಯುತ್ತದೆ.

ಇಷ್ಟಾದರೂ ಮುಗಿಯಲಿಲ್ಲ. ಹೊಗೆಯಿಲ್ಲದ ಮದ್ದು ವರ್ಷಗಟ್ಟಲೆ ಸೆಕೆಯಲ್ಲಿ ಕೂತರೆ ಒಳಗೊಳಗೇ ಕೊಳೆಯುತ್ತದೆ, ಆಮ್ಲ ಬಿಡುತ್ತದೆ, ತಾನೇ ಹೊತ್ತಿಕೊಳ್ಳಲೂಬಹುದು. ಏಬೆಲ್ ಹೆಸರಿನದೇ ಒಂದು ಪರೀಕ್ಷೆ ಇದಕ್ಕಿದೆ. ಮಾದರಿಯನ್ನು ನಳಿಕೆಯಲ್ಲಿಟ್ಟು ಬಿಸಿನೀರಲ್ಲಿ ಕಾಯಿಸಿ, ಮೇಲೆ ತೂಗಿಬಿಟ್ಟ ಗಂಜಿ-ಅಯೊಡೈಡ್ ಕಾಗದಕ್ಕೆ ಬಣ್ಣ ಹತ್ತಲು ಎಷ್ಟು ನಿಮಿಷ ಹಿಡಿಯಿತು ಎಂದು ನೋಡುವುದು. ಬೇಗ ಬಣ್ಣ ಬಂದರೆ ಆ ಮದ್ದು ಕೆಟ್ಟಿತೆಂದೇ ಲೆಕ್ಕ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಾರ್ಡೈಟ್ ಕಾರ್ಖಾನೆ ತಂಪಿನ ನೀಲಗಿರಿಯ ಅರುವಂಕಾಡಿನಲ್ಲಿ ಎದ್ದಿತು.

ಅಮೆರಿಕದಲ್ಲಿ ಕಥೆ ಬೇರೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕನ್ಸಾಸಿನ ಬ್ರೂಸ್ ಹಾಜ್ಡನ್ ಎಂಬಾತ ಸೇನೆಯಲ್ಲಿ ಉಳಿದ 4895 ಎಂಬ ರೈಫಲ್ ಮದ್ದನ್ನು ಸಗಟು ಕೊಂಡು, ಹಳೆಯ ರೈಲು ಡಬ್ಬಿಯಲ್ಲಿಟ್ಟು, ತೋಟೆಯನ್ನು ಮನೆಯಲ್ಲೇ ತುಂಬಿಕೊಳ್ಳುವ ಬೇಟೆಗಾರರಿಗೆ ಮಾರಿದ. ಅಲ್ಲಿ ಅದೊಂದು ದೊಡ್ಡ ಹವ್ಯಾಸವಾಗಿ ಬೆಳೆಯಿತು. ಪ್ರಕಟವಾದ ಅಳತೆಯ ಕೆಳಗಿನಿಂದ ಶುರುಮಾಡು, ಸ್ವಲ್ಪಸ್ವಲ್ಪವೇ ಏರಿಸು, ಗುರುತಿಲ್ಲದ ಡಬ್ಬಿಯ ಮದ್ದನ್ನು ಗೊಬ್ಬರಕ್ಕೆ ಹಾಕು ಎಂಬುದು ಅಲ್ಲಿನ ಹಿರಿಯರ ಕಟ್ಟುಪಾಡು. ಖಡಕಿಯ ಪ್ರೂಫಿನ ವಿವೇಕವೂ ಅದೇ. ನಮ್ಮಲ್ಲಿ 1878ರ ಮತ್ತು 1959ರ ಆಯುಧ ಕಾನೂನುಗಳು ಮನೆಯಲ್ಲೇ ತೋಟೆ ತುಂಬುವ ಆ ಬಾಗಿಲನ್ನು ಹಾಗೆ ತೆರೆದಿಡಲಿಲ್ಲ. ಸೇನೆಯ .303 ಕೂಡ ಖಾಸಗಿಯವರಿಗೆ ನಿಷಿದ್ಧ. ಆದ್ದರಿಂದಲೇ ಇಚ್ಛಾಪುರದ ಕಾರ್ಖಾನೆ ಜನರಿಗಾಗಿ .315 ರೈಫಲು ಮಾಡಿತು, ಖಡಕಿ ಅದಕ್ಕೆ ತೋಟೆ ಮಾಡಿತು. ಪರವಾನಗಿಯಿಲ್ಲದೆ ತೋಟೆ ತುಂಬುವುದು ಇಂದಿಗೂ ಅಪರಾಧ.

2021ರಿಂದ ಖಡಕಿಯ ಕಾರ್ಖಾನೆ ಮ್ಯೂನಿಷನ್ಸ್ ಇಂಡಿಯಾ ಎಂಬ ಕಂಪನಿಯ ಕೆಳಗಿದೆ. ಆದರೆ ನನ್ನ ಚಿಂತೆ ಈಗ ಊರಿನದು. ಅಜ್ಜನ ಕಾಲದ ಅಟ್ಟ ಇಳಿಸುವಾಗ ಮದ್ದಿನ ಡಬ್ಬಿ, ಹಸಿರುಗಟ್ಟಿದ ತೋಟೆ ಸಿಕ್ಕಿದ್ದನ್ನು ಫೋನಿನಲ್ಲಿ ಹೇಳುವವರು ಇನ್ನೂ ಇದ್ದಾರೆ. ಅವರಿಗೆ ಹೇಳುವುದು ಇಷ್ಟೇ: ಒಡೆಯಬೇಡಿ, ಹುಳಿವಾಸನೆ ಬರುತ್ತಿದ್ದರೆ ಅಲುಗಿಸಲೂ ಬೇಡಿ, ಒಲೆಯ ಹತ್ತಿರ ಇಡಬೇಡಿ, ಮಕ್ಕಳನ್ನು ದೂರ ಕಳಿಸಿ ಠಾಣೆಗೆ ತಿಳಿಸಿ. ಕೋವಿಯ ಪರವಾನಗಿ ಇದ್ದವರು ತೋಟೆಯನ್ನು ಅಂಗಡಿಯಿಂದ ತನ್ನಿ, ಮದ್ದನ್ನು ಊಹೆಯ ಮೇಲೆ ತುಂಬಬೇಡಿ.