ಬೇಟೆಕೋವಿಯ ನಳಿಗೆ ಮತ್ತು ನಮ್ಮ ನಾಡಿನ ಬಿಸಿಲು

ಚಾಮರಾಜನಗರ, ತಾಳವಾಡಿ, ನೀಲಗಿರಿ ಸೀಮೆಯ ಕಾಡುಗಳ ಚರಿತ್ರೆಯೆಂದರೆ ಹುಲಿ, ಆನೆ ಮತ್ತು ಅವುಗಳನ್ನು ಕೊಂದ ದೊರೆಗಳ ಕಥೆಯೆಂದೇ ನಾವು ಭಾವಿಸಿದ್ದೇವೆ. ಆ ದೊರೆಗಳ ಹೆಗಲ ಮೇಲಿದ್ದ ಕೋವಿಗೂ ಒಂದು ಚರಿತ್ರೆಯುಂಟು. ನಳಿಗೆಯೊಳಗಿನ ಒತ್ತಡವನ್ನು ಮನುಷ್ಯನು ಹೇಗೆ ಹತೋಟಿಗೆ ತಂದನೆಂಬುದು ಅದರ ಮುಖ್ಯ ಅಧ್ಯಾಯ. ಅದರಲ್ಲಿ ನಮ್ಮ ನಾಡಿನ ಬಿಸಿಲಿಗೂ ಪಾಲಿದೆ.

ಮದ್ದು ಉರಿದಾಗ ಹುಟ್ಟುವ ಅನಿಲವು ಗುಂಡನ್ನು ಮುಂದಕ್ಕೆ ತಳ್ಳುವಂತೆಯೇ ನಳಿಗೆಯ ಗೋಡೆಯನ್ನೂ ಕೋವಿಯ ಹಿಂಬದಿಯನ್ನೂ ಒತ್ತುತ್ತದೆ. ಉಕ್ಕು ಸೋತರೆ ಕೋವಿ ಹಿಡಿದವನ ಕಣ್ಣು, ಕೈಗಳಿಗೇ ಅಪಾಯ. ಆದುದರಿಂದ ವಾಡಿಕೆಗಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ, ತಾಳಿಕೊಂಡ ನಳಿಗೆಗೆ ಮುದ್ರೆಯೊತ್ತುವ ಪದ್ಧತಿ ಬೆಳೆಯಿತು. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ರಾಜಸನ್ನದು ದೊರೆಯಿತು. 1813ರ ಕಾಯಿದೆಯಂತೆ ಬರ್ಮಿಂಗ್‌ಹ್ಯಾಮಿನಲ್ಲಿಯೂ ಪರೀಕ್ಷಾಗೃಹ ಸ್ಥಾಪನೆಯಾಯಿತು. ಗಿರಾಕಿಯ ತೋಳಿನ ಅಳತೆಗೆ ಹಿಡಿ ಕೆತ್ತಿ ಮಾಡಿಸಿದ ದುಬಾರಿ ಕೋವಿಗೂ ಈ ಪರೀಕ್ಷೆ ತಪ್ಪಿದ್ದಲ್ಲ.

ಚಾಮರಾಜನಗರದ ಬಳಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ ತನ್ನ ಅನುಭವಗಳ ಗ್ರಂಥವನ್ನು 1878ರಲ್ಲಿ ಪ್ರಕಟಿಸಿದನು. ಅದು ಕರಿಮದ್ದಿನ ಕಾಲ. ಆನೆಯ ಬೇಟೆಗೆ ಅಂದು 4 ಬೋರಿನ, 8 ಬೋರಿನ ಭಾರಿ ಕೋವಿಗಳು ಬೇಕಾಗಿದ್ದವು. 4 ಬೋರ್ ಎಂದರೆ ಒಂದು ಪೌಂಡು ಸೀಸದಲ್ಲಿ ನಾಲ್ಕೇ ಗುಂಡುಗಳಾಗುವಷ್ಟು ಅಗಲವಾದ ನಳಿಗೆ. ಕೋವಿ ಹೊರಲಾರದಷ್ಟು ಭಾರ. ಆದರೆ ಒಳಗಿನ ಒತ್ತಡ ಕಡಿಮೆ.

1889ರಲ್ಲಿ ಏಬೆಲ್ ಮತ್ತು ಡ್ಯೂವರ್ ಎಂಬ ವಿಜ್ಞಾನಿಗಳು ಕಾರ್ಡೈಟ್ ಎಂಬ ಹೊಗೆರಹಿತ ಮದ್ದನ್ನು ರೂಪಿಸಿದರು. 1898ರಲ್ಲಿ ಲಂಡನ್ನಿನ ರಿಗ್ಬಿ ಸಂಸ್ಥೆ ಅದನ್ನು ತುಂಬಿದ .450 ತೋಟಾವನ್ನು ಹೊರತಂದಿತು. ಕಿರಿದಾದ ನಳಿಗೆಯಿಂದಲೇ ಆನೆಯನ್ನು ಉರುಳಿಸುವುದು ಸಾಧ್ಯವಾಯಿತು. ಆದರೆ ಒತ್ತಡವೂ ಬಹುಪಾಲು ಏರಿತು. ಕಾರ್ಡೈಟಿಗೆ ಇನ್ನೊಂದು ಗುಣವಿತ್ತು: ಅದು ಕಾದಷ್ಟೂ ಒತ್ತಡ ಹೆಚ್ಚುತ್ತಿತ್ತು. ಇಂಗ್ಲೆಂಡಿನ ಚಳಿಯಲ್ಲಿ ಸರಿಯಾಗಿದ್ದ ತೋಟಾ ನಮ್ಮ ಬೇಸಗೆಯಲ್ಲಿ ಮಿತಿ ಮೀರಬಹುದಾಗಿತ್ತು.

ಕೋವಿ ಸಿಡಿಯುವುದೊಂದೇ ಭಯವಲ್ಲ. ಹಿತ್ತಾಳೆಯ ತೋಟಾ ಹಾರಿದಾಗ ಉಬ್ಬಿ ಅನಿಲವನ್ನು ತಡೆದು, ಮರುಕ್ಷಣ ಕುಗ್ಗಿ ಸಡಿಲವಾಗಬೇಕು. ಒತ್ತಡ ಅತಿಯಾದರೆ ಅದು ನಳಿಗೆಯಲ್ಲೇ ಕಚ್ಚಿಕೊಳ್ಳುತ್ತದೆ. ಜೋಡುನಳಿಗೆಯ ಕೋವಿಯಲ್ಲಿ ಅದನ್ನು ಎಳೆದು ತೆಗೆಯುವ ಸಾಧನಕ್ಕೆ ಬಲ ಸಾಲದು. ಎದುರಿಗೆ ಗಾಯಗೊಂಡ ಆನೆ, ಕೈಯಲ್ಲಿ ತೆರೆಯದ ಕೋವಿ! ದೊರೆಯ ಮಗ್ಗುಲಲ್ಲಿ ಹೆಜ್ಜೆಜಾಡು ತೋರಿಸುತ್ತ ನಿಂತ ಸೋಲಿಗನ, ಕಾಡುಕುರುಬನ ಪ್ರಾಣವೂ ಆ ತೋಟಾವನ್ನೇ ನಂಬಿತ್ತು.

ತಯಾರಕರು ಎರಡು ದಾರಿ ಕಂಡುಕೊಂಡರು. ಉಷ್ಣದೇಶಗಳಿಗೆಂದು ಮದ್ದನ್ನು ತುಸು ಇಳಿಸಿದ ತೋಟಾಗಳನ್ನು ಮಾಡಿದರು. ಮತ್ತೊಂದು, ತೋಟಾದ ಒಡಲನ್ನೇ ಹಿಗ್ಗಿಸುವುದು. 1911ರ .416 ರಿಗ್ಬಿ ಇದಕ್ಕೆ ಒಳ್ಳೆಯ ನಿದರ್ಶನ. ವಿಶಾಲವಾದ ಒಡಲಿನಿಂದಾಗಿ ಅದರ ಒತ್ತಡ ಹಿತಮಿತವಾಗಿಯೇ ಉಳಿಯಿತು. ಇಂದಿನ ಯುರೋಪಿನ ಮಾನದಂಡದಲ್ಲಿ ಅದರ ಗರಿಷ್ಠ ಮಿತಿ 3250 ಬಾರ್, 1912ರ.375 ಹಾಲೆಂಡ್ ತೋಟಾದ ಮಿತಿ 4300 ಬಾರ್. ಪರೀಕ್ಷೆಯಲ್ಲಿ ಶೇಕಡಾ 25ರಷ್ಟು ಹೆಚ್ಚು ಒತ್ತಡವನ್ನು ನಳಿಗೆ ತಾಳಬೇಕು.

ಹೇಳಿ ಮಾಡಿಸಿದ ಕೋವಿಗಳಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಒಂದೇ ಹೆಸರಿನ ತೋಟಾಕ್ಕೆ ಕೊರೆದ ಎರಡು ನಳಿಗೆಗಳು ಕೂದಲೆಳೆಯಷ್ಟು ಭಿನ್ನವಾಗಿದ್ದರೂ ಒತ್ತಡ ಬೇರೆಯಾಗುತ್ತದೆ. ಒಂದು ಕೋವಿಗೆ ಒಗ್ಗಿದ ಮದ್ದಿನ ಪ್ರಮಾಣ ಇನ್ನೊಂದಕ್ಕೆ ಅಪಾಯವಾಗಬಹುದು. ಆದ್ದರಿಂದಲೇ ತಿಳಿದವರು ಕಡಿಮೆ ಮದ್ದಿನಿಂದ ತೊಡಗಿ, ಹಾರಿದ ತೋಟಾದ ಬೆನ್ನನ್ನು ಪರೀಕ್ಷಿಸುತ್ತ, ಹಂತಹಂತವಾಗಿ ಏರಿಸುತ್ತಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ನಮ್ಮಲ್ಲಿ ಮೋಜಿನ ಬೇಟೆಯ ಯುಗ ಮುಗಿಯಿತು. ಮುಗಿದದ್ದು ಒಳಿತೇ ಆಯಿತು. ಆದರೂ ಆ ಕೋವಿಗಳ ಚರಿತ್ರೆಯಿಂದ ನಾವು ಕಲಿಯಬೇಕಾದುದುಂಟು. ಯಂತ್ರವನ್ನು ಅದರ ಶಕ್ತಿಯ ಕೊನೆಯ ಅಂಚಿನವರೆಗೆ ದುಡಿಸುವವನಿಗಿಂತ, ಬೇರೊಂದು ನಾಡಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿದು ಒಂದಿಷ್ಟು ಅಂತರ ಉಳಿಸುವವನೇ ನಿಜವಾದ ಕುಶಲಕರ್ಮಿ.