ಸೀಸೆಯ ಚೀಟಿ ಬರೆದವರು: ವೈನ್‌ನ ಬಗೆಗಳು ಬೆಳೆದು ಬಂದ ದಾರಿ

ಬೆಂಗಳೂರಿನ ಯಾವುದೇ ದೊಡ್ಡ ಮದ್ಯದಂಗಡಿಯ ಕಪಾಟಿನಲ್ಲಿ ಎರಡು ಬಿಳಿ ವೈನ್‌ಗಳು ಅಕ್ಕಪಕ್ಕ ನಿಂತಿರುವುದು ಕಾಣುತ್ತದೆ. ಒಂದರ ಚೀಟಿಯ ಮೇಲೆ ‘ಶಾಬ್ಲಿ’, ಇನ್ನೊಂದರ ಮೇಲೆ ‘ಶಾರ್ಡನೇ’. ಮೊದಲನೆಯದು ಫ್ರಾನ್ಸಿನ ಬರ್ಗಂಡಿ ಸೀಮೆಯ ಉತ್ತರ ತುದಿಯ ಊರು. ಎರಡನೆಯದು ದ್ರಾಕ್ಷಿಯ ತಳಿ. ಕುತೂಹಲವೆಂದರೆ ಶಾಬ್ಲಿಯನ್ನು ಮಾಡುವುದೂ ಶಾರ್ಡನೇ ದ್ರಾಕ್ಷಿಯಿಂದಲೇ, ಅದಕ್ಕೆ ಬೇರೆ ಹಣ್ಣು ಬೆರೆಸುವಂತೆಯೇ ಇಲ್ಲ. ಆದರೆ ಸೀಸೆಯ ಮೇಲೆ ಆ ಮಾತನ್ನು ಹೇಳುವ ಅಗತ್ಯ ಆ ಊರಿನವರಿಗೆ ಕಂಡಿಲ್ಲ. ವೈನ್ ತಿಳಿಯಹೊರಟವರು ಮೊದಲು ಎಡವುವುದು ಇಲ್ಲಿ. ತಪ್ಪು ಅವರದಲ್ಲ. ವೈನ್‌ನ ಬಗೆಗಳನ್ನು ಯಾರೋ ಒಬ್ಬರು ಕೂತು ವಿಂಗಡಿಸಿದ್ದಲ್ಲ. ದೊರೆಗಳು, ಸನ್ಯಾಸಿಗಳು, ಹಡಗು ವ್ಯಾಪಾರಿಗಳು, ದಲ್ಲಾಳಿಗಳು, ರಸಾಯನ ವಿಜ್ಞಾನಿಗಳು ತಂತಮ್ಮ ಗರಜಿಗೆ ತಕ್ಕಂತೆ ಪಟ್ಟಿ ಮಾಡಿದರು. ಹೊಸ ಪಟ್ಟಿ ಬಂದಾಗ ಹಳೆಯದನ್ನು ಯಾರೂ ಹರಿದುಹಾಕಲಿಲ್ಲ.

ಪಟ್ಟಿಗಳಿಗಿಂತ ಹಳೆಯದು ಬಣ್ಣ. ಕಪ್ಪು ದ್ರಾಕ್ಷಿಯನ್ನು ಹಿಂಡಿದರೂ ಬಹುತೇಕ ತಳಿಗಳ ರಸಕ್ಕೆ ಬಣ್ಣವಿರುವುದಿಲ್ಲ. ಬಣ್ಣ ಇರುವುದು ಸಿಪ್ಪೆಯಲ್ಲಿ. ಸಿಪ್ಪೆಯ ಸಮೇತ ಹುದುಗಿಸಿದರೆ ಕೆಂಪು ವೈನ್, ಹಿಂಡಿದ ಕೂಡಲೇ ಸಿಪ್ಪೆ ಬೇರ್ಪಡಿಸಿದರೆ ಬಿಳಿ, ಕೆಲವು ಗಂಟೆ ಮಾತ್ರ ನೆನೆಯಲು ಬಿಟ್ಟು ತೆಗೆದರೆ ಗುಲಾಬಿ ಬಣ್ಣದ ರೋಸೆ. ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿಯಿಂದ ತಿಳಿಯಾದ ಶಾಂಪೇನ್ ಆಗುವುದರ ಗುಟ್ಟು ಇಷ್ಟೇ. ಇದನ್ನೇ ತಿರುವುಮುರುವು ಮಾಡಿ, ಬಿಳಿ ದ್ರಾಕ್ಷಿಯನ್ನು ಸಿಪ್ಪೆಯೊಡನೆ ತಿಂಗಳುಗಟ್ಟಲೆ ನೆನೆಸಿಟ್ಟರೆ ಜೇನುಬಣ್ಣದ, ಸ್ವಲ್ಪ ಒಗರಾದ ವೈನ್ ಸಿಗುತ್ತದೆ. ಈಚೆಗೆ ‘ಆರೆಂಜ್ ವೈನ್’ ಎಂಬ ಹೊಸ ಹೆಸರಿನಲ್ಲಿ ಪೇಟೆಯ ಫ್ಯಾಷನ್ ಆಗಿರುವ ಇದು ಜಾರ್ಜಿಯಾ ದೇಶದಲ್ಲಿ ಹಳ್ಳಿಮನೆಯ ಪದ್ಧತಿ. ಅಲ್ಲಿ ‘ಕ್ವೆವ್ರಿ’ ಎಂಬ ಮಣ್ಣಿನ ಭಾರಿ ಹರವಿಗಳನ್ನು ಕತ್ತಿನವರೆಗೆ ನೆಲದಲ್ಲಿ ಹೂತು ಅದರೊಳಗೆ ವೈನ್ ಮಾಡುತ್ತಾರೆ. ಯುನೆಸ್ಕೊ 2013ರಲ್ಲಿ ಈ ವಿಧಾನವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ದೇಶದಲ್ಲಿ ಅಗೆದು ತೆಗೆದ ಮಡಕೆಚೂರುಗಳಲ್ಲಿ ಸುಮಾರು 8,000 ವರ್ಷ ಹಿಂದಿನ ದ್ರಾಕ್ಷಿ ವೈನ್‌ನ ಕುರುಹು ಸಿಕ್ಕಿದ್ದು 2017ರಲ್ಲಿ ಪ್ರಕಟವಾಯಿತು.

ಬಣ್ಣದ ನಂತರ ನಾಲಿಗೆ ಕೇಳುವುದು ಹುಳಿ, ಸಿಹಿ, ಒಗರು ಮತ್ತು ಮದ್ಯಸಾರದ ಬಿಸಿ. ಹುಳಿ ಕಡಿಮೆಯಾದ ವೈನ್ ಸಪ್ಪೆ. ಸಿಹಿ ಎಂಬುದು ಯೀಸ್ಟ್ ತಿಂದು ಮುಗಿಸದೆ ಉಳಿಸಿದ ಸಕ್ಕರೆ. ಅದು ಪೂರ್ತಿ ಮುಗಿದಿದ್ದರೆ ವೈನ್ ‘ಡ್ರೈ’. ಒಗರನ್ನು ಕೊಡುವುದು ಸಿಪ್ಪೆ ಮತ್ತು ಬೀಜದ ಟ್ಯಾನಿನ್. ನೇರಳೆಹಣ್ಣು ತಿಂದ ಮೇಲೆ ನಾಲಿಗೆ ಜಡ್ಡುಗಟ್ಟಿದಂತಾಗುತ್ತದಲ್ಲ, ಕೆಂಪು ವೈನ್ ಮಾಡುವ ಕೆಲಸವೂ ಅದೇ. ಸಾಮಾನ್ಯ ವೈನ್‌ನಲ್ಲಿ ಮದ್ಯಸಾರ ನೂರಕ್ಕೆ 11ರಿಂದ 14ರಷ್ಟು. ಇಷ್ಟು ತಿಳಿದರೆ ಯಾವ ವೈನನ್ನಾದರೂ ಸುಮಾರಾಗಿ ಬಣ್ಣಿಸಬಹುದು. ಆದರೂ ವ್ಯವಹಾರಕ್ಕೆ ಇಷ್ಟು ಸಾಲಲಿಲ್ಲ. ಈ ವೈನ್ ಎಲ್ಲಿಯದು, ಬೆಲೆ ಎಷ್ಟು ಎಂದು ಕೇಳುವವರು ಬಹಳ ಹಿಂದೆಯೇ ಹುಟ್ಟಿಕೊಂಡರು.

ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಸಮಾಧಿಯಲ್ಲಿ ಸಿಕ್ಕ ವೈನ್ ಗಡಿಗೆಗಳ ಮೇಲೆ ಆಳ್ವಿಕೆಯ ವರ್ಷ, ತೋಟ, ವೈನ್ ಮಾಡಿದವನ ಹೆಸರು ಮೂರೂ ಇವೆ. ಇಂದಿನ ಚೀಟಿ ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ನಮ್ಮ ಕೌಟಿಲ್ಯನೂ ಈ ಸಾಲಿಗೆ ಸೇರಬೇಕಾದವನು. ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯದಲ್ಲಿ ದ್ರಾಕ್ಷಿಯ ಮದ್ಯಕ್ಕೆ ‘ಮಧು’ ಎಂದು ಹೆಸರಿಸಿ, ಅದರ ಬಗೆಗಳನ್ನು ಕಾಪಿಶಾಯನ, ಹಾರಹೂರಕ ಎಂದು ಹುಟ್ಟಿದ ನಾಡಿನಿಂದಲೇ ಗುರುತಿಸುತ್ತಾನೆ. ಕಾಪಿಶಿ ಎಂದರೆ ಕಾಬೂಲಿನ ಉತ್ತರದ ಸೀಮೆ. ಅಬಕಾರಿ ಲೆಕ್ಕ ಇಡುವವನಿಗೆ ಊರಿನ ಹೆಸರೇ ಅನುಕೂಲ, ತಳಿ ಯಾವುದಾದರೆ ಅವನಿಗೇನು? ರೋಮಿನ ಹಿರಿಯ ಪ್ಲಿನಿ ಇನ್ನಷ್ಟು ಹತ್ತಿರದಿಂದ ನೋಡಿದ. ಇಟಲಿಯ ಪ್ರಖ್ಯಾತ ಫಲೇರ್ನಮ್ ವೈನನ್ನು ಬಣ್ಣಿಸುವಾಗ, ಒಂದೇ ಗುಡ್ಡದ ನೆತ್ತಿ, ನಡು, ಬುಡಗಳಿಗೆ ಬೇರೆಬೇರೆ ಹೆಸರಿದ್ದುದನ್ನು ದಾಖಲಿಸಿದ.

ಇಳಿಜಾರಿನ ಈ ಲೆಕ್ಕವನ್ನು ಅತಿಗೆ ಒಯ್ದವರು ಬರ್ಗಂಡಿಯ ಕ್ರೈಸ್ತ ಸನ್ಯಾಸಿಗಳು. 1098ರಲ್ಲಿ ಸಿತೋ ಎಂಬಲ್ಲಿ ಮಠ ಕಟ್ಟಿದ ಸಿಸ್ಟರ್ಸಿಯನ್ ಪಂಥದವರು ತಲೆಮಾರುಗಟ್ಟಲೆ ಒಂದೇ ಬೆಟ್ಟದ ತಪ್ಪಲಲ್ಲಿ ದ್ರಾಕ್ಷಿ ಬೆಳೆದರು. ಒಂದು ಪಟ್ಟಿ ನೆಲದ ಹಣ್ಣು ಪಕ್ಕದ ಪಟ್ಟಿಯ ಹಣ್ಣಿಗಿಂತ ಯಾಕೆ ಬೇರೆ ಎಂಬುದನ್ನು ಗಮನಿಸಿ ಗೋಡೆ ಕಟ್ಟಿ ಗುರುತು ಮಾಡಿದರು. ಅವರ ಕ್ಲೋ ದ ವೂಜೋ ತೋಟ ಸುಮಾರು 50 ಹೆಕ್ಟೇರ್. ಇಂದು ಅದಕ್ಕೆ ಸುಮಾರು 80 ಒಡೆಯರಿದ್ದಾರೆ, ಎಲ್ಲರ ಸೀಸೆಯ ಮೇಲೂ ಅದೇ ಹೆಸರು. ದೊರೆಗಳೂ ಕೈ ಹಾಕಿದರು. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್, ಹೆಚ್ಚು ಇಳುವರಿ ಕೊಡುತ್ತಿದ್ದ ಗಾಮೇ ತಳಿಯನ್ನು ದ್ರೋಹಿ ಎಂದು ಜರೆದು ಕಿತ್ತೆಸೆಯಲು ಆಜ್ಞೆ ಮಾಡಿದ. ಗಾಮೇ ದಕ್ಷಿಣದ ಬೋಜೊಲೇಯಲ್ಲಿ ನೆಲೆಯೂರಿ, ಕಡಿಮೆ ಒಗರಿನ, ಹಗುರವಾದ, ತಣ್ಣಗೆ ಮಾಡಿ ಕುಡಿಯುವ ಕೆಂಪು ವೈನ್ ಆಗಿ ಇಂದಿಗೂ ಸುಖವಾಗಿದೆ. ಫಿಲಿಪ್ ಮೆಚ್ಚಿದ ಪಿನೋ ನ್ವಾರ್ ಈಗ ಸಾಮಾನ್ಯರ ಕೈಗೆ ಎಟಕದ ಬೆಲೆಗೆ ಏರಿದೆ.

ಮುಂದಿನ ಬಗೆಗಳನ್ನು ಮಾಡಿದ್ದು ಸಮುದ್ರ ಮತ್ತು ಹವೆ. ಇಂಗ್ಲೆಂಡಿಗೆ ಫ್ರಾನ್ಸಿನೊಂದಿಗೆ ಮನಸ್ತಾಪವಾದಾಗಲೆಲ್ಲ ಅಲ್ಲಿನ ವ್ಯಾಪಾರಿಗಳು ಪೋರ್ಚುಗಲ್‌ನ ಕಡೆ ತಿರುಗುತ್ತಿದ್ದರು. ದೌರೊ ಕಣಿವೆಯ ವೈನ್ ದಾರಿಯಲ್ಲಿ ಕೆಡದಿರಲೆಂದು ಬ್ರಾಂದಿ ಸುರಿದರು. ಹುದುಗು ನಡೆಯುತ್ತಿರುವಾಗಲೇ ಬ್ರಾಂದಿ ಬಿದ್ದರೆ ಯೀಸ್ಟ್ ಸಾಯುತ್ತದೆ, ಸಕ್ಕರೆ ಉಳಿಯುತ್ತದೆ. ಹಾಗೆ ಹುಟ್ಟಿತು ನೂರಕ್ಕೆ ಸುಮಾರು 20ರಷ್ಟು ಮದ್ಯಸಾರದ, ದಟ್ಟ ಸಿಹಿಯ ಪೋರ್ಟ್. ಅದರ ಕಲಬೆರಕೆ ಮಿತಿಮೀರಿದಾಗ ಆ ದೇಶದ ಮಂತ್ರಿ ಪೋಂಬಾಲ್‌ನ ಮಾರ್ಕ್ವಿಸ್ 1756ರಲ್ಲಿ ಕಣಿವೆಗೇ ಎಲ್ಲೆ ಹಾಕಿ, ಆಮೇಲೆ ಗಡಿಗಲ್ಲು ನೆಡಿಸಿದ. ಮದೀರಾ ದ್ವೀಪದ ವೈನ್‌ನದು ಇನ್ನೂ ವಿಚಿತ್ರ. ಉಷ್ಣವಲಯವನ್ನು ದಾಟುವ ಹಡಗಿನ ತಳದಲ್ಲಿ ತಿಂಗಳುಗಟ್ಟಲೆ ಬೆಂದ ಪೀಪಾಯಿ ಕೆಡುವ ಬದಲು ರುಚಿಯಾಗಿ ಮರಳಿತು. ಹಾಗಾಗಿ ಇಂಡಿಯಾಕ್ಕೆ ಹೋಗಿ ಬಂದ ಪೀಪಾಯಿಗೆ ಹೆಚ್ಚಿನ ಬೆಲೆ. ಆಮೇಲೆ ಹಡಗನ್ನು ಬಿಟ್ಟು, ದ್ವೀಪದಲ್ಲೇ ವೈನನ್ನು ಕಾಯಿಸತೊಡಗಿದರು. ಬೇರೆ ವೈನ್‌ಗಳನ್ನು ಕೊಲ್ಲುವ ಬಿಸಿ ಮತ್ತು ಗಾಳಿ ಎರಡನ್ನೂ ಮೊದಲೇ ಉಂಡಿರುವುದರಿಂದ ಮದೀರಾ ಬಿರಡೆ ತೆಗೆದ ಮೇಲೂ ತಿಂಗಳುಗಟ್ಟಲೆ ಕೆಡುವುದಿಲ್ಲ.

ನೊರೆಯ ವೈನ್ ಕೂಡ ಮೊದಲು ದೋಷವೇ. ಶಾಂಪೇನ್ ಸೀಮೆಯ ಚಳಿಗೆ ಹುದುಗು ನಡುವೆ ನಿಂತು, ವಸಂತದಲ್ಲಿ ಮತ್ತೆ ಎದ್ದು, ಸೀಸೆಗಳು ಸಿಡಿಯುತ್ತಿದ್ದವು. ಡಾಮ್ ಪೆರಿನ್ಯೋ ಎಂಬ ಸನ್ಯಾಸಿ ಅದನ್ನು ಕಂಡುಹಿಡಿದ ಎಂಬ ಕಥೆ ಜಾಹೀರಾತಿನವರಿಗೆ ಪ್ರಿಯ. ನಿಜಕ್ಕೂ ಆತ ಹೆಣಗಿದ್ದು ನೊರೆ ಬಾರದಂತೆ ತಡೆಯಲು. ಸಕ್ಕರೆ ಬೆರೆಸಿ ವೈನಿಗೆ ನೊರೆ ಬರಿಸುವ ಕ್ರಮವನ್ನು ಕ್ರಿಸ್ಟೊಫರ್ ಮೆರೆಟ್ ಎಂಬ ಇಂಗ್ಲಿಷ್ ವೈದ್ಯ 1662ರಲ್ಲೇ ರಾಯಲ್ ಸೊಸೈಟಿಗೆ ವಿವರಿಸಿದ್ದ. ಅದರ ಒತ್ತಡ ತಾಳಬಲ್ಲ ಗಟ್ಟಿ ಗಾಜು ಇದ್ದದ್ದೂ ಇಂಗ್ಲಿಷರ ಬಳಿಯೇ. ಇನ್ನು ಹಂಗೆರಿಯ ತೊಕಾಯ್ ಮತ್ತು ಫ್ರಾನ್ಸಿನ ಬೋರ್ದೋದ ಸೋಟೆರ್ನ್ ವೈನ್‌ಗಳ ಜೇನಿನಂಥ ಸಿಹಿ ಬರುವುದು ಬೊಟ್ರೈಟಿಸ್ ಎಂಬ ಬೂಷ್ಟು ಸಿಪ್ಪೆಯನ್ನು ತೂತಾಗಿಸಿ ಹಣ್ಣಿನ ನೀರು ಆರುವಂತೆ ಮಾಡುವುದರಿಂದ. ರೋಗ ತಗುಲಿದ ಹಣ್ಣನ್ನೇ ಆರಿಸಿ ಕೀಳುವ ಇಂಥ ಬೇಸಾಯ ಲೋಕದಲ್ಲಿ ಅಪರೂಪ.

1855ರಲ್ಲಿ ಬೆಲೆಯೇ ಗುಣದ ಅಳತೆಗೋಲಾಯಿತು. ಪ್ಯಾರಿಸ್ಸಿನ ಮಹಾಪ್ರದರ್ಶನಕ್ಕೆ ಬೋರ್ದೋ ವೈನ್‌ಗಳನ್ನು ದರ್ಜೆವಾರು ಇಡಬೇಕಿತ್ತು. ಆ ಊರಿನ ದಲ್ಲಾಳಿಗಳು ರುಚಿ ನೋಡುವ ಗೋಜಿಗೆ ಹೋಗದೆ, ತಮ್ಮ ಖಾತೆಪುಸ್ತಕದ ಧಾರಣೆ ನೋಡಿ ಕೆಂಪು ವೈನ್ ಮಾಡುವ ಎಸ್ಟೇಟುಗಳನ್ನು ಐದು ದರ್ಜೆಗೆ ಹಂಚಿದರು. ಪ್ರದರ್ಶನ ಮುಗಿದರೂ ಪಟ್ಟಿ ಮುಗಿಯಲಿಲ್ಲ. ಅದರ ದರ್ಜೆಗಳಲ್ಲಿ ಈವರೆಗೆ ಆದ ದೊಡ್ಡ ತಿದ್ದುಪಡಿ ಒಂದೇ: 1973ರಲ್ಲಿ ಮೂತೋ ರಾಥ್‌ಶೀಲ್ಡ್ ಎರಡನೆಯ ದರ್ಜೆಯಿಂದ ಮೊದಲಿಗೆ ಏರಿದ್ದು. ದುಬಾರಿಯಾದದ್ದು ಒಳ್ಳೆಯದು ಎಂಬುದು ಆ ದಲ್ಲಾಳಿಗಳ ಪಾಲಿಗೆ ಅನುಭವದ ಮಾತಾಗಿತ್ತು. ಆದರೆ ಪಟ್ಟಿ ಗಟ್ಟಿಯಾದ ಮೇಲೆ, ಒಳ್ಳೆಯದೆಂದು ಅದರಲ್ಲಿ ಬರೆದಿರುವುದೇ ದುಬಾರಿಗೆ ಕಾರಣವಾಯಿತು.

ಆ ಪಟ್ಟಿ ಬಂದ ಹತ್ತು ಹದಿನೈದು ವರ್ಷದಲ್ಲಿ ಫ್ರಾನ್ಸಿನ ತೋಟಗಳು ಒಣಗತೊಡಗಿದವು. ಅಮೆರಿಕದಿಂದ ಬಂದ ಗಿಡಗಳೊಡನೆ ಬಂದಿಳಿದ ಫಿಲಾಕ್ಸರಾ ಎಂಬ ಹೇನು ಬೇರಿನ ರಸ ಹೀರುತ್ತಿತ್ತು. 1868ರಲ್ಲಿ ಸಸ್ಯವಿಜ್ಞಾನಿ ಪ್ಲಾಂಶೋನ್ ಮತ್ತು ಸಂಗಡಿಗರು ಅದನ್ನು ಪತ್ತೆ ಮಾಡಿದರು. ಔಷಧಿ ಯಾವುದೂ ಪೂರ್ತಿ ನಾಟಲಿಲ್ಲ. ಆ ಹೇನನ್ನು ತಾಳಿಕೊಳ್ಳುವ ಅಮೆರಿಕದ ಕಾಡು ದ್ರಾಕ್ಷಿಯ ಬೇರಿಗೆ ಯೂರೋಪಿನ ತಳಿಯನ್ನು ಕಸಿ ಕಟ್ಟಿದ್ದೇ ಉಳಿದ ದಾರಿ. ಜಗತ್ತಿನ ಬಹುಪಾಲು ವೈನ್ ತೋಟಗಳು ಇಂದಿಗೂ ನಿಂತಿರುವುದು ಆ ಬೇರುಗಳ ಮೇಲೆ. ಹಣ್ಣಿನ ಬರ ಬಿದ್ದಾಗ ಒಣದ್ರಾಕ್ಷಿ ನೆನೆಸಿದ ನೀರು, ಸಕ್ಕರೆ, ಬಣ್ಣ ಎಲ್ಲ ವೈನ್ ಹೆಸರಿನಲ್ಲಿ ಮಾರಾಟವಾದವು. 1907ರಲ್ಲಿ ದಕ್ಷಿಣ ಫ್ರಾನ್ಸಿನ ಬೆಳೆಗಾರರು ದಂಗೆ ಎದ್ದರು. ಕೊನೆಗೆ 1935ರಲ್ಲಿ ಬಂದ ಕಾನೂನು ಊರಿನ ಹೆಸರಿಗೆ ಬೇಲಿ ಹಾಕಿತು: ಇಂಥ ಸೀಮೆ, ಇಂಥ ತಳಿ, ಇಷ್ಟೇ ಇಳುವರಿ. ಶಾಬ್ಲಿಯ ಚೀಟಿ ತಳಿಯನ್ನು ಹೇಳದಿರುವುದು ಇದರಿಂದಲೇ. ಊರು ಹೇಳಿದರೆ ತಳಿಯನ್ನೂ ಹೇಳಿದಂತೆ.

ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾ, ಚಿಲಿಗಳಿಗೆ ಅಂಥ ಊರುಗಳಿರಲಿಲ್ಲ. ಅವರು ‘ಬರ್ಗಂಡಿ’, ‘ಶಾಬ್ಲಿ’ ಎಂದು ಸಾಲದ ಹೆಸರಿನಲ್ಲಿ ಮಾರಿ ನೋಡಿ, ಆಮೇಲೆ ತಳಿಯ ಹೆಸರನ್ನೇ ಹಿಡಿದರು. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪುರಿಯರ್ ಏರ್ಪಡಿಸಿದ ಪರೀಕ್ಷೆಯಲ್ಲಿ ಫ್ರೆಂಚ್ ತೀರ್ಪುಗಾರರು ಚೀಟಿ ಕಾಣದಂತೆ ರುಚಿ ನೋಡಿ, ಕೆಂಪಿನಲ್ಲೂ ಬಿಳಿಯಲ್ಲೂ ಕ್ಯಾಲಿಫೋರ್ನಿಯಾಕ್ಕೇ ಮೊದಲ ಸ್ಥಾನ ಕೊಟ್ಟರು. ತಳಿಯ ಹೆಸರಿನ ಚೀಟಿಗೆ ಅಂದಿನಿಂದ ಸಂಕೋಚವಿಲ್ಲ. ತಳಿಯೂ ಆಟ ಆಡಿಸದೆ ಬಿಡಲಿಲ್ಲ. ಚಿಲಿಯವರು ‘ಮೆರ್ಲೋ’ ಎಂದು ಬೆಳೆಯುತ್ತಿದ್ದ ದ್ರಾಕ್ಷಿಯಲ್ಲಿ ಬಹಳಷ್ಟು ಕಾರ್ಮೆನೇರ್ ಎಂಬ ಬೋರ್ದೋದ ಕಳೆದುಹೋದ ತಳಿ ಎಂದು 1994ರಲ್ಲಿ ಗೊತ್ತಾಯಿತು. ಕೆಂಪು ವೈನ್‌ಗಳ ರಾಜನೆನಿಸಿದ ಕೆಬರ್ನೇ ಸೊವಿನ್ಯೋನ್‌ನ ತಂದೆತಾಯಿ ಕೆಬರ್ನೇ ಫ್ರಾಂಕ್ ಮತ್ತು ಬಿಳಿ ದ್ರಾಕ್ಷಿ ಸೊವಿನ್ಯೋನ್ ಬ್ಲಾಂಕ್ ಎಂಬುದನ್ನು 1997ರಲ್ಲಿ ಡಿಎನ್‌ಎ ಪರೀಕ್ಷೆ ಬಯಲು ಮಾಡಿತು.

ತಳಿಯ ಹೆಸರಿನ ಬೆನ್ನಿಗೇ ಬಂದದ್ದು ಅಂಕ. ಅಮೆರಿಕದ ವಕೀಲ ರಾಬರ್ಟ್ ಪಾರ್ಕರ್ 1978ರಿಂದ ಪತ್ರಿಕೆ ನಡೆಸಿ 100ಕ್ಕೆ ಇಷ್ಟು ಎಂದು ವೈನ್‌ಗೆ ಅಂಕ ಕೊಟ್ಟ. ಕೊಳ್ಳುವವರಿಗೆ ಇದಕ್ಕಿಂತ ಸುಲಭವಾದದ್ದು ಬೇರೆ ಇರಲಿಲ್ಲ. ಕಷ್ಟವೆಂದರೆ ಅಂಕ ಗುಣವನ್ನು ಹೇಳುವುದಿಲ್ಲ, ಒಬ್ಬನ ಒಲವನ್ನು ಹೇಳುತ್ತದೆ. ಆ ಒಲವಿಗೆ ತಕ್ಕಂತೆ ಊರೂರಿನ ವೈನ್‌ಗಳು ದಟ್ಟವಾಗಿ, ಓಕ್ ಮರದ ವಾಸನೆಯಿಂದ ಭಾರವಾಗಿ ಒಂದನ್ನೊಂದು ಹೋಲತೊಡಗಿದವು ಎಂಬ ದೂರು ಸುಳ್ಳೇನಲ್ಲ.

ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಅದೇ ಕಾಲದ ಇನ್ನೊಂದು ಕೆಲಸ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ ಮತ್ತು ಸಂಗಡಿಗರು 1984ರಲ್ಲಿ ‘ಪರಿಮಳ ಚಕ್ರ’ ಪ್ರಕಟಿಸಿದರು. ‘ಗಂಭೀರ’, ‘ಸೊಗಸು’ ಎಂಬಂಥ ಮಾತುಗಳಿಗೆ ಅದರಲ್ಲಿ ಜಾಗವಿಲ್ಲ. ಹಣ್ಣು, ಹೂ, ಮಸಾಲೆ, ಮಣ್ಣು ಹೀಗೆ ಮೂಗು ನಿಜವಾಗಿ ಹಿಡಿಯಬಲ್ಲ ವಾಸನೆಗಳಿವೆ. ವಿಜ್ಞಾನಿಗಳು ಆ ವಾಸನೆಗಳ ಹಿಂದಿನ ಅಣುಗಳನ್ನೂ ಹುಡುಕಿದರು. ಸರಿಯಾಗಿ ಮಾಗದ ಕೆಬರ್ನೇಯ ದೊಣ್ಣೆಮೆಣಸಿನಕಾಯಿ ವಾಸನೆ ಪೈರಜಿನ್‌ನದು. ಗೊಂಚಲಿಗೆ ಬಿಸಿಲು ತಾಗಿದಷ್ಟೂ ಅದು ಇಳಿಯುತ್ತದೆ. ಶಿರಾಜ್‌ನ ಕರಿಮೆಣಸಿನ ಘಮ ರೊಟಂಡೋನ್ ಎಂಬ ಅಣುವಿನದು ಎಂದು 2008ರಲ್ಲಿ ಆಸ್ಟ್ರೇಲಿಯಾದವರು ಕಂಡುಹಿಡಿದರು. ಕರಿಮೆಣಸಿನಲ್ಲಿ ಇರುವುದೂ ಅದೇ ಅಣು. ಐವರಲ್ಲಿ ಒಬ್ಬರಷ್ಟು ಮಂದಿಗೆ ಅದರ ವಾಸನೆಯೇ ತಿಳಿಯುವುದಿಲ್ಲ. ಪಕ್ಕದವರಿಗೆ ಮೆಣಸು ಸಿಕ್ಕಿ ನಮಗೆ ಸಿಗದಿದ್ದರೆ ಕೀಳರಿಮೆ ಬೇಡ. ಕಣ್ಣಿನ ಮೋಸ ಇನ್ನೂ ದೊಡ್ಡದು. ಬೋರ್ದೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟಾಗ, ಅವರು ಕೆಂಪು ವೈನ್‌ಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಪ್ರಯೋಗ ವೈನ್ ಪಂಡಿತರನ್ನು ಗೇಲಿ ಮಾಡಲು ಬಳಕೆಯಾಗುತ್ತದೆ. ಅದು ತೋರಿಸಿದ್ದು ಮಾತ್ರ ಮೂಗು ಒಂಟಿಯಾಗಿ ಕೆಲಸ ಮಾಡುವುದಿಲ್ಲ ಎಂಬುದನ್ನು.

ಕರ್ನಾಟಕ ಈ ಕಥೆಯೊಳಗೆ ತಡವಾಗಿ ಬಂತು. ವೈನ್ ದ್ರಾಕ್ಷಿಗೆ ಚಳಿ ಬೇಕು, ಗಿಡ ನಿದ್ದೆ ಹೋಗಬೇಕು ಎಂಬುದು ಹಳೆಯ ನಂಬಿಕೆ. ನಂದಿಬೆಟ್ಟದ ತಪ್ಪಲಲ್ಲಿ ಗಿಡ ನಿದ್ದೆ ಹೋಗುವುದಿಲ್ಲ. ಇಲ್ಲಿ ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ ಅದರ ಋತುವನ್ನು ತಿರುಗಿಸಬೇಕು. ಮಳೆ ಮುಗಿಯುವ ಹೊತ್ತಿಗೆ ಎರಡನೆಯ ಚಾಟನಿ ಮಾಡಿದರೆ ಹಣ್ಣು ಮಾಗುವುದು ಒಣ ಹವೆಯಲ್ಲಿ, ವರ್ಷದ ಮೊದಲ ತಿಂಗಳುಗಳಲ್ಲಿ. ಯೂರೋಪಿನಲ್ಲಿ ಕೊಯ್ಲು ಸೆಪ್ಟೆಂಬರಿನ ಸುಮಾರಿಗೆ. ಕನ್ವಲ್ ಗ್ರೋವರ್ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್‌ರ ಸಲಹೆ ಪಡೆದು ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳನ್ನು ನೆಟ್ಟರು. 1992ರಲ್ಲಿ ಅವರ ಮೊದಲ ವೈನ್ ಬಂತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಕೊಪ್ಪಳ ಜಿಲ್ಲೆಯ ಬಂಡೆಗುಡ್ಡಗಳ ನಡುವೆಯೂ ಈಗ ಕೆಬರ್ನೇ ಬೆಳೆಯುತ್ತದೆ. ಬಯಲಿನ ಬಿಸಿ ರಾತ್ರಿಗಳು ಹಣ್ಣಿನ ಹುಳಿಯನ್ನು ಬೇಗ ಇಳಿಸುತ್ತವೆ, ನಂದಿಯ ಎತ್ತರ ಅದನ್ನು ಸ್ವಲ್ಪ ತಡೆಯುತ್ತದೆ. ನಮ್ಮ ಸೊವಿನ್ಯೋನ್ ಬ್ಲಾಂಕ್ ನನಗೆ ನಮ್ಮ ಕೆಂಪು ವೈನ್‌ಗಳಿಗಿಂತ ಹೆಚ್ಚು ನಂಬಿಕೆ ಹುಟ್ಟಿಸಿದೆ. ತಂಪು ಮಾಡಿ ಕುಡಿದರೆ ಚಕ್ಕೋತದಂಥ ಹುಳಿ ನಮ್ಮ ಊಟದ ಖಾರಕ್ಕೆ ಹೊಂದಿಕೊಳ್ಳುತ್ತದೆ. ಒಗರು ಮತ್ತು ಮದ್ಯಸಾರ ಹೆಚ್ಚಾದ ಕೆಂಪು ವೈನ್ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ.

ಈ ಎಲ್ಲ ಪಟ್ಟಿಗಳ ಹೊರಗೆ ಉಳಿದಿರುವುದು ಬೆಂಗಳೂರು ಬ್ಲೂ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ದಪ್ಪ ಸಿಪ್ಪೆಯ ನೀಲಿ ದ್ರಾಕ್ಷಿಯಲ್ಲಿ ಅಮೆರಿಕದ ಲಬ್ರುಸ್ಕಾ ಜಾತಿಯ ರಕ್ತವಿದೆ. ದ್ರಾಕ್ಷಿತಜ್ಞರು ಅದನ್ನು ಇಸಬೆಲ್ಲಾ ತಳಿಯೊಂದಿಗೆ ಸೇರಿಸುತ್ತಾರೆ. ಮಿಥೈಲ್ ಆಂಥ್ರನಿಲೇಟ್ ಕೊಡುವ ಅದರ ಗಾಢ ವಾಸನೆಗೆ ಯೂರೋಪಿನವರು ‘ನರಿ ವಾಸನೆ’ ಎಂದು ಮೂಗು ಮುರಿಯುತ್ತಾರೆ. ನಮಗಾದರೋ ದ್ರಾಕ್ಷಿ ಜ್ಯೂಸ್ ಎಂದರೆ ಆ ವಾಸನೆಯೇ. ಇಸಬೆಲ್ಲಾ ಸೇರಿದಂತೆ ಆರು ತಳಿಗಳನ್ನು ಫ್ರಾನ್ಸ್ 1934ರ ಕಾನೂನಿನಿಂದ ನಿಷೇಧಿಸಿತು. ಬೆಂಗಳೂರು ಬ್ಲೂಗೆ 2013ರಲ್ಲಿ ಭಾರತದ ಭೌಗೋಳಿಕ ಗುರುತು ಸಿಕ್ಕಿತು, ಅದೂ ಹಣ್ಣಿಗೆ, ಅದರ ವೈನ್‌ಗಲ್ಲ. ವೈನ್ ತೊಟ್ಟಿಯಲ್ಲಿ ಅದರ ಪಾಲಿಗೆ ಬಂದಿರುವುದು ಹೆಚ್ಚಾಗಿ ‘ಪೋರ್ಟ್’ ಎಂಬ ಎರವಲು ಹೆಸರಿನ ಅಗ್ಗದ ಸಿಹಿ ವೈನ್. ತನ್ನದೇ ಹೆಸರಿನ ಚೀಟಿ ಹೊತ್ತು, ಸಿಹಿ ಬೆರೆಸದೆ, ಎಚ್ಚರದಿಂದ ಮಾಡಿದ ಬೆಂಗಳೂರು ಬ್ಲೂ ಹೇಗಿರಬಹುದು ಎಂದು ನಂದಿಯ ವೈನರಿಗಳು ಪ್ರಯತ್ನಿಸಿ ನೋಡಬೇಕು. ರೋಸೆಯಿಂದ ಶುರು ಮಾಡುವುದು ಲೇಸು. ಸಿಪ್ಪೆಯೊಡನೆ ನೆನೆಯುವ ಹೊತ್ತು ಕಡಿಮೆಯಾದಷ್ಟೂ ಆ ವಾಸನೆಯ ಅಬ್ಬರ ತಗ್ಗಬಹುದು.